ಮಾವನ ಕೋವಿ

ಕೋವಿಗೆ ಇದ್ದದ್ದು ಒಂದೇ ಕಾಯಿಲೆ. ಮೊದಲನೇ ಈಡನ್ನು ಏಳು ಬೀದಿಯ ನಾಯಿಗಳೂ ಎದ್ದು ಬೊಗಳುವ ಹಾಗೆ ಹಾರಿಸುತ್ತಿತ್ತು. ಎರಡನೆಯದನ್ನು ಕೇಳಿದರೆ ಮುನಿಸಿಕೊಂಡ ನಾದಿನಿಯ ಹಾಗೆ ಬಾಯಿ ಬಿಗಿದು ಕೂತುಬಿಡುತ್ತಿತ್ತು.

ಅದು ಆಟೊಮ್ಯಾಟಿಕ್ ಕೋವಿ. ಮೊದಲನೇ ತೋಟಾ ಸಿಡಿದಾಗ ಹುಟ್ಟುವ ಹೊಗೆಯ ರಭಸಕ್ಕೆ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿಯಬೇಕು, ಖಾಲಿ ತೋಟಾ ಆಚೆ ಬೀಳಬೇಕು, ಎರಡನೇ ತೋಟಾ ತಾನಾಗಿ ಮೇಲೆ ಬರಬೇಕು. ಆಕಾಶಕ್ಕೆ ಎಸೆದ ಮಣ್ಣಿನ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಒಡೆಯುವ ಪಂದ್ಯಕ್ಕೆ ಇಂಥ ಕೋವಿ ಇದ್ದರೆ ರಾಜಯೋಗ. ಆದರೆ ಇದು ಒಂದು ಬಿಲ್ಲೆ ಒಡೆದು, ಇನ್ನೊಂದಕ್ಕೆ ದಾರಿ ಬಿಟ್ಟುಕೊಡುತ್ತಿತ್ತು.

ಕೋವಿ ಹಿಡಿಯುತ್ತಿದ್ದವನು ಕನ್ನಡಕದ ಅಂಗಡಿಯವನು. ಊರಿನ ಅರ್ಧ ಜನಕ್ಕೆ ಕಣ್ಣು ಕೊಟ್ಟವನು, ತನ್ನ ಮೂಗಿನ ಮೇಲೂ ಬಾಟಲಿ ತಳದಷ್ಟು ದಪ್ಪ ಗಾಜು ಹೊತ್ತವನು. ಜೋರಾಗಿ ಮಾತಾಡಿದರೆ ತನ್ನ ದನಿಗೆ ತಾನೇ ಬೆಚ್ಚುವ ಪ್ರಾಣಿ. ಅಂಥವನನ್ನು ಮಾವ ಪ್ರತಿ ಭಾನುವಾರ ಮೈದಾನಕ್ಕೆ ಎಳೆದುಕೊಂಡು ಹೋಗಿ, ಭುಜ ಸರಿಮಾಡಿ, ನಿಲ್ಲಿಸಿ ಕಲಿಸಿದ್ದರು. ಕಣ್ಣು ಮುಚ್ಚುವ ಮುಂಚೆ ಕೋವಿಯನ್ನು ಸ್ವಂತ ಮಗನಿಗೆ ಕೊಡದೆ ಅಳಿಯನ ಕೈಗೆ ಕೊಟ್ಟು, "ನೀವಾದ್ರೆ ಒರೆಸಿ ಇಡ್ತೀರಿ. ಅವನು ಬರೀ ಹೊಡೀತಾನೆ" ಎಂದಿದ್ದರು. ಅಳಿಯನಿಗೆ ಬದುಕಿನಲ್ಲಿ ಯಾರೂ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಮಗ, ಅಂದರೆ ಕನ್ನಡಕದವನ ಬಾಮೈದ, ಕಾರು ಮಾರುವ ಕೆಲಸದಲ್ಲಿದ್ದ. ನಾಲಿಗೆ ಎಂಥದೆಂದರೆ ಚಕ್ರವಿಲ್ಲದ ಕಾರನ್ನೂ ಮಾರಿ, ತಳ್ಳುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಒಪ್ಪಿಸಿ ಕಳಿಸುತ್ತಿದ್ದ. ಅಪ್ಪನ ಕೋವಿ ತನಗೆ ಬರಬೇಕಿತ್ತು ಎಂದು ಮನೆಗೆ ಬಂದಾಗಲೆಲ್ಲ ರಾಗ ಎಳೆಯುತ್ತಿದ್ದ. ಮಗಳ ಮನೆಯಲ್ಲೇ ಇದ್ದ ಅತ್ತೆ ಕೇಳಿ ಕೇಳಿ ಸಾಕಾಗಿ ಕೊನೆಗೆ ತೀರ್ಮಾನ ಕೊಟ್ಟರು. ಊರಿನ ಕೋವಿ ಕ್ಲಬ್ಬಿನ ತಂಡದಲ್ಲಿ ಒಂದು ಜಾಗ ಖಾಲಿ ಇದೆ, ಈ ಭಾನುವಾರ ಮಧ್ಯಾಹ್ನ ಅದಕ್ಕೆ ಆಯ್ಕೆ. ಜಾಗ ಗಿಟ್ಟಿಸಿದವನಿಗೆ ಕೋವಿ. ಆಮೇಲೆ ಯಾರೂ ತುಟಿ ಬಿಚ್ಚಬಾರದು.

ಹೀಗಾಗಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಕೋವಿ ಅಂಗಾತ ಮಲಗಿತ್ತು. ಕನ್ನಡಕದವನು ಅದರ ಮುಂದೆ ಪರೀಕ್ಷೆಗೆ ಓದದೆ ಬಂದವನ ಹಾಗೆ ನಿಂತಿದ್ದ.

"ರೀ, ಮೇಜಿನ ಮೇಲೆ ತಿಂಡಿ ಇಡ್ಲಾ, ಇಲ್ಲ ನೀವೂ ಅದೂ ಹೀಗೇ ಮುಖ ನೋಡ್ಕೋತಾ ಇರ್ತೀರಾ?" ಎಂದಳು ಹೆಂಡತಿ.

"ಸ್ವಲ್ಪ ಇರೇ. ಎರಡನೇದು ಯಾಕೆ ಬರಲ್ಲ ಅಂತ ನೋಡ್ತಾ ಇದೀನಿ."

"ಆರು ತಿಂಗಳಿಂದ ನೋಡ್ತಾ ಇದೀರಿ. ಅದಕ್ಕೇ ನಾಚ್ಕೊಂಡಿದೆ."

ಸತ್ಯ ಹೇಳಬೇಕೆಂದರೆ ಅವನು ಕೋವಿಯ ಹೊರಮೈಯನ್ನು ಮುಖ ನೋಡಿ ಗಡ್ಡ ಕೆರೆದುಕೊಳ್ಳುವಷ್ಟು ಮಿಂಚಿಸಿದ್ದ. ಒಳಗೆ ಕೈಹಾಕಲು ಮಾತ್ರ ಎದೆ ಡವಗುಟ್ಟುತ್ತಿತ್ತು. ಬಿಚ್ಚಿದ್ದು ಮತ್ತೆ ಸೇರದೆ ಹೋದರೆ ಮಾವನ ಫೋಟೋ ಮುಂದೆ ಓಡಾಡುವುದು ಹೇಗೆ?

ಅಷ್ಟರಲ್ಲಿ ಪಕ್ಕದ ಮನೆಯ ಪ್ಲಂಬರು ಕಿಟಕಿಯಲ್ಲಿ ಇಣುಕಿದ. ಬೇರೆಯವರ ಮನೆಯಲ್ಲಿ ಏನಾದರೂ ಕೆಟ್ಟರೆ ಅವನಿಗೆ ವಾಸನೆ ಬರುತ್ತಿತ್ತು. ಕೇಳದೆಯೇ ಒಳಗೆ ಬಂದು ಕೋವಿಯ ನಳಿಗೆ ತಟ್ಟಿ ನೋಡಿದ.

"ಹೊಗೆ ಎಲ್ಲೋ ಸೋರ್ತಾ ಇದೆ ಸಾರ್. ಒತ್ತಡ ಇಲ್ದೆ ಮೂರನೇ ಮಹಡಿಗೆ ನೀರೇ ಏರಲ್ಲ, ಇನ್ನು ತೋಟಾ ಏರುತ್ತಾ?"

ಮಾತು ನ್ಯಾಯವಾಗಿಯೇ ಕೇಳಿಸಿತು. ಪ್ಲಂಬರು ಜೇಬಿನಿಂದ ನಲ್ಲಿಗೆ ಸುತ್ತುವ ಬಿಳಿ ಟೇಪು ತೆಗೆದು, ಪಿಸ್ಟನ್ ಹೊರತೆಗೆದು, ಮುರಿದ ಕಾಲಿಗೆ ಪಟ್ಟಿ ಕಟ್ಟುವ ಹಾಗೆ ಸುತ್ತಿ ಮತ್ತೆ ಒಳಗೆ ತುರುಕಿದ. ಕೋವಿಯ ಕೀಲನ್ನು ಹಿಂದಕ್ಕೆಳೆದು ಬಿಟ್ಟರೆ ಕಟಕ್ ಎನ್ನುವ ಬದಲು 'ಉಸ್' ಎಂದಿತು.

ಆ ಸದ್ದಿಗೆ ಮಹಡಿ ಮೇಲಿನ ಮನೆಯ ಪಿಟೀಲು ಮೇಷ್ಟ್ರು ಇಳಿದು ಬಂದರು. ಕಣ್ಣು ಮುಚ್ಚಿ, ಕಿವಿಯನ್ನು ಕೋವಿಗೆ ಆನಿಸಿ, "ಇನ್ನೊಂದ್ಸಲ ಎಳೀರಿ" ಎಂದರು. ಎಳೆದರು. "ಹೋಗೋವಾಗ ಸರಿಯಾಗಿದೆ. ಬರೋವಾಗ ಶ್ರುತಿ ಇಳೀತಾ ಇದೆ. ಜಾರ್ತಾ ಇದೆ ಅದು. ಹಿಡಿತ ಬೇಕು."

"ಜಾರೋದು ಒಳ್ಳೇದಲ್ವಾ ಮೇಷ್ಟ್ರೇ?" ಎಂದ ಕನ್ನಡಕದವನು.

"ನಲವತ್ತು ವರ್ಷದಿಂದ ಕಮಾನು ಹಿಡಿದವನು ನಾನು. ಸುಮ್ನಿರಿ."

ಕನ್ನಡಕದವನು ಯಾರಿಗೂ ಬೇಡ ಎಂದು ಹೇಳಿ ಅಭ್ಯಾಸವಿಲ್ಲದವನು. ಮೇಷ್ಟ್ರು ಕಮಾನಿಗೆ ತಿಕ್ಕುವ ರಾಳ ತಂದು ಪುಡಿಮಾಡಿ ಧಾರಾಳವಾಗಿ ಒಳಗೆ ಉದುರಿಸಿದರು. ಈಗ ಹಿಡಿತ ಬಂತು. ಎಂಥ ಹಿಡಿತವೆಂದರೆ ಹಿಂದಿನಿಂದ ಪ್ಲಂಬರು, ಮುಂದಿನಿಂದ ಮೇಷ್ಟ್ರು, ನಡುವೆ ಕನ್ನಡಕದವನು ಜೋತುಬಿದ್ದು ಎಳೆದರೂ ಕೀಲು ಕೂದಲೆಳೆಯಷ್ಟು ಅಲುಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಬಾಮೈದ ಬಂದ. ಅಕ್ಕ ಬಡಿಸಿಟ್ಟಿದ್ದ ತಿಂಡಿಯ ತಟ್ಟೆ ಎತ್ತಿಕೊಂಡು ಬಾಗಿಲಿಗೆ ಒರಗಿ ನಿಂತ.

"ಭಾವ, ಆತುರ ಬೇಡ. ನಿಧಾನವಾಗಿ ಸರಿಮಾಡಿ. ಹೇಗಿದ್ರೂ ಸಂಜೆ ನನ್ನ ಮನೆಗೇ ಬರೋದಲ್ವಾ."

"ನಿನ್ನ ಮನೆಗೆ ಬರೋದು ಏನಿದ್ರೂ ಖಾಲಿ ತಟ್ಟೆ. ಇಡು ಅದನ್ನ, ನಿಮ್ಮ ಭಾವ ಇನ್ನೂ ತಿಂದಿಲ್ಲ" ಎಂದು ಅಕ್ಕ ಅವನ ಕೈಯಿಂದ ತಟ್ಟೆ ಕಿತ್ತುಕೊಂಡಳು. ಗಂಡನ ಕಡೆ ತಿರುಗಿ ದನಿ ಇಳಿಸಿ, "ಬಿಸಿನೀರು ಕಾದಿದೆ ರೀ. ಸ್ನಾನ ನಿಮಗೋ ಅದಕ್ಕೋ, ಬೇಗ ಹೇಳಿ" ಎಂದಳು.

ಸ್ನಾನ ಕೋವಿಗೇ ಆಯಿತು. ಕುದಿಯುವ ನೀರು ಬಿದ್ದಿದ್ದೇ ತಡ ರಾಳ ಕರಗಿತು, ಟೇಪು ಬಿಟ್ಟಿತು, ಪಿಸ್ಟನ್ ಹೊರಬಂತು. ಅದರ ಹಿಂದೆಯೇ ಕಂದುಬಣ್ಣದ ಅಂಟು ಕೂಡ ಲೋಟಗಟ್ಟಲೆ ಹರಿದು ಬಂತು. ಮನೆಯೆಲ್ಲ ಘಮಘಮ.

"ಅಕ್ಕಾ, ಏನೋ ಕರೀತಾ ಇದೀಯಾ?" ಎಂದ ಬಾಮೈದ.

ಕನ್ನಡಕದವನು ಪಿಸ್ಟನನ್ನು ಮೂಗಿಗೆ ಹಿಡಿದ. ಕೋವಿ ಎಣ್ಣೆಯ ವಾಸನೆಯಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು.

"ನಾನೇ ವಾರಕ್ಕೊಂದ್ಸಲ ಒಂಚೂರು ಬಿಡ್ತಿದ್ದೆ. ಅವರಿದ್ದಾಗ ಅವರೇ ನೋಡ್ಕೋತಿದ್ರು. ಈಗ ಪಾಪ ಒಣಗಿಹೋಗುತ್ತೇನೋ ಅಂತ."

"ಎಲ್ಲಿಗೆ ಬಿಡ್ತಿದ್ರಿ ಅತ್ತೆ?"

"ಎಲ್ಲೆಲ್ಲಿ ತೂತು ಕಾಣುತ್ತೋ ಅಲ್ಲೆಲ್ಲ."

ಆರು ತಿಂಗಳ ಅಡುಗೆ ಎಣ್ಣೆ ಬಿಸಿ ಹೊಗೆಗೆ ಸುಟ್ಟು, ಮಸಿಯ ಜೊತೆ ಬೆರೆತು, ಪಿಸ್ಟನ್ ಸುತ್ತ ಗೋಡೆಯಂತೆ ಕಟ್ಟಿಕೊಂಡಿತ್ತು. ಹೊಗೆ ಹೋಗುವ ಸಣ್ಣ ತೂತು ಮುಚ್ಚಿಯೇ ಹೋಗಿತ್ತು. ಅತ್ತೆ ನೆಲ ನೋಡುತ್ತಿದ್ದರು. ಕನ್ನಡಕದವನು ಪಿಸ್ಟನ್ ಒರೆಸುತ್ತಾ, "ಒಳ್ಳೇದೇ ಆಯ್ತು ಬಿಡಿ ಅತ್ತೆ. ತುಕ್ಕು ಅಂತೂ ಹಿಡಿದಿಲ್ಲ" ಎಂದ. ಅತ್ತೆಯ ಮುಖ ಅರಳಿತು.

ಈಗ ಅವನಿಗೂ ಹುರುಪು ಬಂತು. ಕನ್ನಡಕದ ತಿರುಪು ಬಿಗಿಯುವ ಸಣ್ಣ ಸಲಕರಣೆಗಳನ್ನೆಲ್ಲ ತಂದು ಹರಡಿಕೊಂಡ. ಸೂಜಿ ಹಾಕಿ ತೂತು ಬಿಡಿಸಿದ, ಗಾಜು ಒರೆಸುವ ಬಟ್ಟೆಯಿಂದ ಒಂದೊಂದೇ ಭಾಗ ಒರೆಸಿದ. ಇನ್ನೇನು ಜೋಡಿಸಬೇಕು, ಪಿಸ್ಟನ್ನಿನ ಪುಟ್ಟ ರಬ್ಬರ್ ಬಳೆ ಕೈಯಿಂದ ಹಾರಿ, ಪಾತ್ರೆ ತೊಳೆಯುವ ಸಿಂಕಿನಲ್ಲಿ ಎರಡು ಸುತ್ತು ಸುತ್ತಿ, ಎಲ್ಲರೂ ನೋಡುತ್ತಿರುವಂತೆಯೇ ತೂತಿನೊಳಗೆ ಇಳಿದುಹೋಯಿತು.

"ಇದು ನನ್ನ ಕೆಲಸ" ಎಂದು ಪ್ಲಂಬರು ಯುದ್ಧಕ್ಕೆ ಹೊರಟವನ ಹಾಗೆ ಸಿಂಕಿನ ಕೆಳಗೆ ನುಗ್ಗಿದ. ಬಳೆ ಸಿಕ್ಕಿತು. ಅದರ ಜೊತೆ ಮೂರು ಚಮಚ, ಹೆಂಡತಿ ಯಾವತ್ತೋ ಕಳೆದುಕೊಂಡ ಮೂಗುಬೊಟ್ಟು, ಮತ್ತು ಮೊಣಕಾಲುದ್ದ ನೀರೂ ಸಿಕ್ಕಿತು. ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಹೊರಗಿಟ್ಟರು. ಪಿಟೀಲು ಮೇಷ್ಟ್ರು ಪಂಚೆ ಎತ್ತಿಕೊಂಡು ಮೇಜಿನ ಮೇಲೆ ಹತ್ತಿ ನಿಂತು ಎಲ್ಲರಿಗೂ ಧೈರ್ಯ ಹೇಳಿದರು.

ಮಧ್ಯಾಹ್ನ ಮೈದಾನಕ್ಕೆ ಹೊರಟಾಗ ಕನ್ನಡಕದವನ ಪ್ಯಾಂಟು ಇನ್ನೂ ತೊಟ್ಟಿಕ್ಕುತ್ತಿತ್ತು. ಆದರೆ ಕೋವಿ ಮಾತ್ರ ಮದುವೆ ಗಂಡಿನ ಹಾಗಿತ್ತು.

ಮೊದಲ ಜೋಡಿ ಬಿಲ್ಲೆ ಹಾರಿತು. ಢಂ, ಢಂ. ಎರಡೂ ಪುಡಿ. ಕನ್ನಡಕದವನು ಕೋವಿಯನ್ನು ತಿರುಗಿಸಿ ನೋಡಿದ, ಯಾರೋ ಬೇರೆಯವರದು ಎತ್ತಿಕೊಂಡು ಬಂದೆನೇನೋ ಎಂಬಂತೆ. ಆಮೇಲೆ ಕೋವಿ ನಿಲ್ಲಲೇ ಇಲ್ಲ. ಬೆಂಚಿನ ಮೇಲೆ ಪ್ಲಂಬರು "ಒತ್ತಡ, ನೋಡಿ ಒತ್ತಡ" ಎನ್ನುತ್ತಿದ್ದ. ಮೇಷ್ಟ್ರು "ಶ್ರುತಿ ಸೇರ್ತು" ಎನ್ನುತ್ತಿದ್ದರು. ಹೆಂಡತಿ ಅಮ್ಮನ ಕೈ ಹಿಡಿದು ಹಿಸುಕುತ್ತಿದ್ದಳು.

ಬಾಮೈದನೂ ಕಡಿಮೆಯವನಲ್ಲ. ಕ್ಲಬ್ಬಿನ ಕೋವಿ ಹಿಡಿದು ಬಿಲ್ಲೆಗೆ ಬಿಲ್ಲೆ ಉತ್ತರ ಕೊಟ್ಟ. ಕೊನೆಗೆ ಇಬ್ಬರೂ ಸಮ. ತೀರ್ಪುಗಾರರು, ಆನೆಯಂಥ ಮೈಯೂ ಗುಬ್ಬಿಯಂಥ ದನಿಯೂ ಇದ್ದ ಯಜಮಾನರು, ಒಬ್ಬೊಬ್ಬರಿಗೂ ಒಂದೊಂದು ಜೋಡಿ ಎಂದರು. ಯಾರದು ತಪ್ಪುತ್ತದೋ ಅವರು ಹೊರಗೆ.

ಬಾಮೈದ ಎರಡನ್ನೂ ಒಡೆದ.

ಕನ್ನಡಕದವನು ಬೆವರು ಒರೆಸಿಕೊಂಡ, ಗಾಜು ಒರೆಸಿಕೊಂಡ, ತೋಟಾ ತುಂಬಿ ಕೋವಿ ಎತ್ತಿದ. ಬಿಲ್ಲೆಗಳು ಹಾರಿದವು. ಢಂ. ಮೊದಲನೆಯದು ಧೂಳಾಯಿತು. ಕೋವಿ ಎರಡನೆಯದರ ಕಡೆ ತಿರುಗಿತು.

ಸದ್ದಿಲ್ಲ.

ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಕನ್ನಡಕದವನು ಮಾತ್ರ ಗಾಬರಿಯಾಗಲಿಲ್ಲ. ಕ್ಲಬ್ಬಿನ ಕಾನೂನು ಅವನಿಗೆ ಬಾಯಿಪಾಠ. ಕೋವಿಯೇ ಕೈಕೊಟ್ಟರೆ ಆ ಜೋಡಿ ಲೆಕ್ಕಕ್ಕಿಲ್ಲ, ಇನ್ನೊಂದು ಜೋಡಿ ಹಾರಿಸಬೇಕು. ಕೋವಿಯನ್ನು ಹಾಗೇ ನೆಲದ ಕಡೆ ಹಿಡಿದು ಇನ್ನೊಂದು ಕೈ ಎತ್ತಿದ. "ಮತ್ತೆ ಸಿಕ್ಕಿಹಾಕ್ಕೊಂಡಿದೆ ಸಾರ್. ಬಂದು ನೋಡಿ."

ತೀರ್ಪುಗಾರರು ನಿಧಾನವಾಗಿ ಬಂದು, ಕೋವಿ ಕೈಗೆ ತೆಗೆದುಕೊಂಡು, ಮೇಲೆ ನೋಡಿದರು, ಕೆಳಗೆ ನೋಡಿದರು, ಒಳಗೆ ಬೆರಳು ಹಾಕಿ ನೋಡಿದರು.

"ಕೋವಿ ಗಟ್ಟಿಮುಟ್ಟಾಗಿದೆ. ಖಾಲಿ ತೋಟಾನ ನೀಟಾಗಿ ಆಚೆ ಹಾಕಿ, ಬಾಯಿ ತೆಗೆದುಕೊಂಡು ಕಾಯ್ತಾ ಇದೆ. ಎರಡನೇದು ಹಾಕೇ ಇಲ್ವಲ್ರೀ ನೀವು?"

ಕನ್ನಡಕದವನು ಜೇಬಿಗೆ ಕೈಹಾಕಿದ. ಎರಡನೇ ತೋಟಾ ಅಲ್ಲೇ ಬೆಚ್ಚಗೆ ಕೂತಿತ್ತು. ಹೇಗೂ ಮೇಲೆ ಬರುವುದಿಲ್ಲ, ಯಾಕೆ ಸುಮ್ಮನೆ ಎಂದು ಆರು ತಿಂಗಳಿಂದ ಅಭ್ಯಾಸಕ್ಕೆ ನಿಂತಾಗಲೆಲ್ಲ ಒಂದನ್ನೇ ತುಂಬುತ್ತಿದ್ದ. ಇವತ್ತು ಮೊದಲ ಜೋಡಿಯಿಂದ ನೆನಪಿಟ್ಟು ನೆನಪಿಟ್ಟು ಎರಡೆರಡು ಹಾಕಿದ್ದ ಕೈ, ಎದೆ ಹೊಡೆದುಕೊಳ್ಳುವ ಹೊತ್ತಿಗೆ ಹಳೆಯ ಚಾಳಿಗೆ ಬಿದ್ದಿತ್ತು. ಕೋವಿ ಕೆಟ್ಟಿದ್ದಕ್ಕೆ ಕಾನೂನಿದೆ, ಮರೆತಿದ್ದಕ್ಕೆ ಇಲ್ಲ.

ತಂಡದ ಜಾಗವೂ ಕೋವಿಯೂ ಬಾಮೈದನ ಪಾಲಾದವು. ಅವನು ಕೋವಿಯನ್ನು ಎತ್ತಿಕೊಂಡ. ಎರಡು ತೋಟಾ ತುಂಬಿದ, ಎರಡು ಬಿಲ್ಲೆ ಕೇಳಿದ, ಎರಡನ್ನೂ ಹುಡಿಹುಡಿ ಮಾಡಿದ. ಭಾವನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತು, ನಿಜಕ್ಕೂ ಮನಸ್ಸಿನಿಂದಲೇ ಬಂದದ್ದು:

"ಭಾವ, ಏನ್ ರಿಪೇರಿ ಮಾಡಿದೀರಿ. ಅಪ್ಪನ ಕಾಲದಲ್ಲೂ ಹೀಗೆ ಓಡ್ತಿರಲಿಲ್ಲ. ಇನ್ಮೇಲೆ ಏನೇ ಆದ್ರೂ ನಿಮ್ಮ ಹತ್ರಾನೇ ತರೋದು."

ಆ ಮಾತು ಸುತ್ತ ಇದ್ದವರ ಕಿವಿಗೆ ಬಿತ್ತು. ಮೊದಲು ತೀರ್ಪುಗಾರರೇ ಬಂದು, "ನನ್ನದೂ ಒಂದಿದೆ, ಮೂರನೇದು ನುಂಗಿಬಿಡುತ್ತೆ" ಎಂದರು. ಅವರ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಸ್ವಲ್ಪ ಹೊತ್ತಿನಲ್ಲಿ ಸಾಲು ಗೇಟು ದಾಟಿತು.

"ರೀ, ಹೋಗೋಣ ಬನ್ನಿ, ಬಟ್ಟೆ ಒದ್ದೆ ಇದೆ, ಶೀತ ಆಗುತ್ತೆ" ಎಂದು ಹೆಂಡತಿ ತೋಳು ಹಿಡಿದಳು. ಅವನಿಗೆ ಬೇಡ ಎನ್ನಲು ಬರುತ್ತಿರಲಿಲ್ಲವಲ್ಲ. ಬೆಂಚಿನ ಮೇಲೆ ಕೂತು, ಊರಿನವರ ಕೋವಿಗಳನ್ನೆಲ್ಲ ಒಂದೊಂದಾಗಿ ಮಡಿಲಿಗೆ ಎಳೆದುಕೊಂಡು, ದಪ್ಪ ಗಾಜಿನೊಳಗಿಂದ ಇಣುಕಿ, "ಯಾವಾಗಿಂದ ಹೀಗೆ?" ಎಂದು ಕೇಳತೊಡಗಿದ.