ನಾನು ಟಿ.ವಿ. ಪರೀಕ್ಷಿಸಿದ್ದು

ಮನುಷ್ಯನಾದವನಿಗೆ ಒಂದು ವಿಷಯದಲ್ಲಾದರೂ ಜಂಬ ಇರಬೇಕು ಎಂದು ನಂಬಿದವನು ನಾನು. ಎಲ್ಲದರಲ್ಲೂ ವಿನಯ ತೋರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಂಶಯ. ನನಗೆ ಹಾಡಲು ಬಾರದು, ಈಜಲು ಬಾರದು, ಕಾರು ಓಡಿಸಲು ಬಂದರೂ ಹಿಂದಕ್ಕೆ ತೆಗೆಯುವಾಗ ಹೆಂಡತಿ ಇಳಿದು ನಿಂತು ಕೈ ಬೀಸಬೇಕು. ಆದರೆ ಒಂದು ವಸ್ತುವನ್ನು ಪರೀಕ್ಷಿಸಿ ಕೊಳ್ಳುವ ಕಲೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ನೆಂಟರಿಷ್ಟರಲ್ಲಿ ಯಾರೂ ಇಲ್ಲ. ಮಂಗಳೂರಿನ ಬಲ್ಮಠದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಪ್ರಾಯೋಗಿಕ ಪರೀಕ್ಷೆಗಳಲ್ಲಿ ಮಕ್ಕಳ ಬೆವರಿಳಿಸಿ ರೂಢಿಯಾಗಿದೆ. ಆ ರೂಢಿ ಮಾರುಕಟ್ಟೆಗೆ ಹೋದರೂ ಬಿಡುವುದಿಲ್ಲ. ಮಿಕ್ಸಿ ಕೊಳ್ಳುವಾಗ ನೆನೆಸಿದ ಅಕ್ಕಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ನೀರುದೋಸೆಯ ಹಿಟ್ಟು ಅರೆಸಿ, ಬೆರಳಿನಲ್ಲಿ ಮುಟ್ಟಿ ನೋಡಿದವನು ನಾನು. ಆ ಅಂಗಡಿಯವರು ಈಗಲೂ ನನ್ನ ಗುರುತು ಹಿಡಿಯುತ್ತಾರೆ; ಗುರುತು ಹಿಡಿದ ಕೂಡಲೇ ಒಳಗೆ ಹೋಗುತ್ತಾರೆ.

ಇಂಥ ನನಗೆ ಹೋದ ನವರಾತ್ರಿಯ ಮೊದಲು ಟಿ.ವಿ. ಕೊಳ್ಳುವ ಸಂದರ್ಭ ಬಂತು. ಬೇಕಾಗಿದ್ದದ್ದು ನನಗಲ್ಲ, ಅಮ್ಮನಿಗೆ. ಬಜಪೆಯ ಆಚೆ ನಮ್ಮ ಹಿರಿಯರು ಪೂಜೆ ಮಾಡಿಕೊಂಡು ಬಂದ ದೇವಿಯ ಗುಡಿಯೊಂದಿದೆ. ಅಪ್ಪ ಅಲ್ಲಿ ಅರ್ಚಕರಾಗಿದ್ದರು, ಈಗ ನನ್ನ ತಮ್ಮ ರಘು. ಅಪ್ಪನ ಕಾಲದಲ್ಲಿ ನವರಾತ್ರಿಯ ಶುಕ್ರವಾರ ದೇವಿಗೆ ಗಂಧದ ಅಲಂಕಾರ. ಅರೆದ ಗಂಧವನ್ನು ಕರಿಕಲ್ಲಿನ ವಿಗ್ರಹಕ್ಕೆ ಮೆತ್ತಿ, ಅದರಲ್ಲೇ ಕಣ್ಣು, ಮೂಗು, ತುಟಿ ತೀಡುವ ಕೆಲಸ. ಅಪ್ಪ ತೀರಿಕೊಂಡ ಮೇಲೆ ರಘು ಹೂವಿನ ಅಲಂಕಾರದಲ್ಲೇ ಉಳಿದುಬಿಟ್ಟಿದ್ದ. ಗಂಧಕ್ಕೆ ಕೈ ಹಾಕುವ ಧೈರ್ಯ ಅವನಿಗೆ ಬಂದಿರಲಿಲ್ಲ. ಈ ಸಲ ಮಾಡುತ್ತೇನೆ ಎಂದು ಹೇಳಿದ. ಅದನ್ನು ಅಮ್ಮ ನೋಡಬೇಕು. ಆದರೆ ಅಮ್ಮನ ಮೊಣಕಾಲು ಗುಡಿಯ ಮೆಟ್ಟಿಲುಗಳ ಸಹವಾಸವನ್ನು ಬಿಟ್ಟು ಬಹಳ ಕಾಲವಾಗಿತ್ತು.

ಗುಡಿಯವರು ಈಗ ಪೂಜೆಯನ್ನು ನೇರಪ್ರಸಾರ ಮಾಡುತ್ತಾರೆ. ಅಮ್ಮ ದಿನವೂ ನನ್ನ ಹೆಂಡತಿ ಶೈಲಾಳ ಫೋನಿನಲ್ಲಿ ನೋಡುತ್ತಿದ್ದಳು. ನಮ್ಮ ಹಳೆಯ ಟಿ.ವಿ.ಗೆ ಇಂಥ ವಿದ್ಯೆಗಳೆಲ್ಲ ತಿಳಿಯದು. ಅದು ಹಿಂಬದಿ ಉಬ್ಬಿಕೊಂಡು ಕೂತ ಹಿಂದಿನ ತಲೆಮಾರಿನದು. "ಫೋನಿನಲ್ಲಿ ದೇವರು ಲಿಂಬೆಹಣ್ಣಿನಷ್ಟು ಕಾಣ್ತಾರೆ ಮಾರಾಯ," ಎಂದಳು ಅಮ್ಮ ಒಂದು ದಿನ. "ಅದರಲ್ಲಿ ಮೂಗು ಎಲ್ಲುಂಟು ಅಂತ ಹುಡುಕುವುದು? ರಘು ಮೂಗು ಸರಿ ಮಾಡ್ತಾನೋ ಇಲ್ವೋ ನನಗೆ ಗೊತ್ತಾಗಬೇಕು. ನಿನ್ನ ಅಪ್ಪ ಮಾಡಿದ ಮೂಗನ್ನು ನೋಡಿದವರು ಈಗ ನಾನೊಬ್ಬಳೇ ಇರುವುದು."

ನಾನೂ ನೋಡಿದ್ದೆ. ಆದರೆ ನನ್ನ ಸಾಕ್ಷಿಯನ್ನು ಅಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಣ್ಣವನಿದ್ದಾಗ ನನ್ನ ಗಮನ ಪಂಚಕಜ್ಜಾಯದ ಕಡೆಗೇ ಇತ್ತೆಂದು ಅವಳ ಅಭಿಪ್ರಾಯ.

ಹೀಗೆ ನಾನು ಟಿ.ವಿ.ಯ ಪರೀಕ್ಷಾಧಿಕಾರಿಯಾದೆ. ಹಾಲ್‌ನ ಗೋಡೆ ಅಳೆದೆ. ದೊಡ್ಡದು ತಂದರೆ ಮನೆ ಸಿನಿಮಾ ಟಾಕೀಸು, ಸಣ್ಣದು ತಂದರೆ ಮತ್ತೆ ಲಿಂಬೆಹಣ್ಣು; ನಲವತ್ತಮೂರು ಇಂಚು ಮಧ್ಯಮ ಮಾರ್ಗವೆಂದು ತೀರ್ಮಾನವಾಯಿತು. ಮಧ್ಯಾಹ್ನ ಯಾವ ಕಿಟಕಿಯಿಂದ ಎಷ್ಟು ಬೆಳಕು ಯಾವ ಗೋಡೆಗೆ ಬೀಳುತ್ತದೆಂದು ನೋಡಲು ಒಂದು ಆದಿತ್ಯವಾರ ಪೂರ್ತಿ ಗೋಡೆಗೆ ಕನ್ನಡಿ ಹಿಡಿದು ನಿಂತೆ. ಎದುರು ಫ್ಲ್ಯಾಟಿನವರು ಪರದೆ ಎಳೆದುಕೊಂಡರು. ಶೈಲಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು; ಮಾತು ಕಡಿಮೆ, ಆಡಿದರೆ ನೇರ. "ಇಷ್ಟೆಲ್ಲ ನೋಡಿದಿರಿ, ಅಮ್ಮನನ್ನು ಏನಾದರೂ ಕೇಳಿದಿರಾ?" ಎಂದಳು. ಬೆಳಕಿನ ವಿಷಯದಲ್ಲಿ ಅಮ್ಮನನ್ನು ಕೇಳುವುದು ಎಂತದು ಎಂದು ನಾನು ನಕ್ಕುಬಿಟ್ಟೆ.

ಕಂಕನಾಡಿಯ ಶೋರೂಮಿನಲ್ಲಿ ಗೋಡೆ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಗಿಳಿಗಳು, ಜಲಪಾತಗಳು, ಕತ್ತರಿಸಿದ ಕೂಡಲೇ ರಸ ಚಿಮ್ಮುವ ಹಣ್ಣುಗಳು. ಸೇಲ್ಸ್‌ಮನ್ ನವಾಜ್ ಒಳ್ಳೆಯ ಉತ್ಸಾಹದ ಮನುಷ್ಯ. "ಕಲರ್ ನೋಡಿ ಸರ್, ಗಿಳಿ ಹೊರಗೆ ಹಾರಿ ಬರ್ತದೆ," ಎಂದ. ನಮ್ಮ ಮನೆಯಲ್ಲಿ ಗಿಳಿ ನೋಡುವವರು ಯಾರೂ ಇಲ್ಲವೆಂದು ಹೇಳಿ ನಾನು ಜೇಬಿನಿಂದ ಪೆನ್‌ಡ್ರೈವ್ ತೆಗೆದೆ. ಅದರಲ್ಲಿ ಹಿಂದಿನ ವಾರದ ಮಂಗಳಾರತಿ ಇತ್ತು. ಇನ್ನೊಂದು ಜೇಬಿನಿಂದ ಬಾಳೆಲೆಯ ಪೊಟ್ಟಣ ತೆಗೆದೆ. ಅದರಲ್ಲಿ ಸ್ವಲ್ಪ ಒದ್ದೆ ಗಂಧ ಮತ್ತು ಒಂದು ಗೊಂಚಲು ಕೆಂಪು ಕೇಪುಳದ ಹೂ. ಬಣ್ಣ ಸರಿಯೋ ತಪ್ಪೋ ಎಂದು ನೋಡಬೇಕಾದರೆ ಎದುರಿಗೆ ಅಸಲು ಬಣ್ಣ ಬೇಡವೇ? ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಅದನ್ನೇ.

ನವಾಜ್ ಪೊಟ್ಟಣವನ್ನೂ ನನ್ನನ್ನೂ ನೋಡಿದ. "ಸರ್, ಟಿ.ವಿ.ಗೆ ಪೂಜೆ ಡೆಲಿವರಿ ಆದ ಮೇಲೆ ಮಾಡುವುದಲ್ವಾ?" ಎಂದು ಕೇಳಿದ. ನಾನು ವಿವರಿಸಿದೆ. ಅವನಿಗೆ ವಿಷಯ ಹಿಡಿಸಿತೋ, ಅಥವಾ ಈ ಗಿರಾಕಿಯಿಂದ ಬೇಗ ಪಾರಾಗುವ ದಾರಿ ಇದೆಂದು ಕಂಡಿತೋ, ಅಂತೂ ಸಾಲಿನಲ್ಲಿದ್ದ ಎಲ್ಲ ಟಿ.ವಿ.ಗಳಲ್ಲೂ ಅದನ್ನೇ ಹಾಕಿಕೊಟ್ಟ. ಗಿಳಿಗಳು ಹೋದವು, ದೇವಿ ಬಂದಳು. ಜಾಗಟೆ, ಶಂಖ, ಗಂಟೆ ಒಟ್ಟಿಗೆ ಮೊಳಗಿ ಶೋರೂಮು ನಡುಗಿತು. ಪಕ್ಕದಲ್ಲಿ ಗ್ರೈಂಡರ್ ನೋಡುತ್ತಿದ್ದ ಹೆಂಗಸೊಬ್ಬರು ಮೆಲ್ಲನೆ ಚಪ್ಪಲಿ ಬಿಟ್ಟು ಕೈಮುಗಿದರು. ಅವರನ್ನು ನೋಡಿ ಇನ್ನಿಬ್ಬರು ಮುಗಿದರು. ಮ್ಯಾನೇಜರ್ ಗಾಬರಿಯಿಂದ ಓಡಿ ಬಂದವನು, ಕೈಮುಗಿದವರನ್ನು ಕಂಡು ತಾನೂ ಮುಗಿದು ನಿಂತ.

ನಾನು ಮಾತ್ರ ಕೈಮುಗಿಯಲಿಲ್ಲ. ಕೈಯಲ್ಲಿ ಗಂಧವಿತ್ತು. ಒಂದೊಂದು ಟಿ.ವಿ.ಯ ಎದುರಿಗೂ ನೆಟ್ಟಗೆ ನಿಂತು, ಪೊಟ್ಟಣವನ್ನು ಪರದೆಯ ಹತ್ತಿರ ಹಿಡಿದು ತೂಗಿ ನೋಡಿದೆ. ಒಂದರಲ್ಲಿ ಗಂಧ ಅರಸಿನವಾಗಿತ್ತು. ಇನ್ನೊಂದರಲ್ಲಿ ಕೇಪುಳ, ದಾಸವಾಳ, ದೇವಿಯ ಕೆಂಪು ಸೀರೆ ಎಲ್ಲ ಒಂದೇ ಕೆಂಪಿನಲ್ಲಿ ಕಲಸಿಹೋಗಿದ್ದವು. ಮೂರನೆಯದರಲ್ಲಿ ಗರ್ಭಗುಡಿಯ ಕತ್ತಲೆ ಬೂದಿಯಾಗಿ, ಕರಿಕಲ್ಲು ಸಿಮೆಂಟಾಗಿತ್ತು. ಮೂಲೆಯದೊಂದರಲ್ಲಿ ಮಾತ್ರ ಕತ್ತಲೆ ಕತ್ತಲೆಯೇ, ಗಂಧ ಗಂಧವೇ. ಎಣ್ಣೆದೀಪದ ಬೆಳಕು ಎಲ್ಲಿ ಮುಗಿಯುತ್ತದೆಂಬುದೂ ಕಾಣುತ್ತಿತ್ತು. ಆರತಿ ಎತ್ತುವ ರಘುವಿನ ಕೈ, ಅಪ್ಪನದೇ ಆದ ಉದ್ದ ಬೆರಳುಗಳು. "ಯಾರು ಸರ್ ಭಟ್ರು?" ಎಂದು ನವಾಜ್ ಕೇಳಿದ. "ನನ್ನ ತಮ್ಮ," ಎಂದೆ. ಅಷ್ಟು ಹೊತ್ತಿಗೆ ನನಗೆ ಟಿ.ವಿ. ಮರೆತೇ ಹೋಗಿತ್ತು. ಕಂಕನಾಡಿಯ ನಡುಮಧ್ಯದಲ್ಲಿ ಗೋಡೆ ತುಂಬ ನನ್ನ ತಮ್ಮನೇ ಇದ್ದ, ನನಗೆ ಹೆಮ್ಮೆಯಾಯಿತು.

ಆ ಟಿ.ವಿ.ಗೆ ಒಂದೇ ಒಂದು ಕೊರತೆಯಿತ್ತು: ಪಕ್ಕದಿಂದ ನೋಡಿದರೆ ಬಣ್ಣ ಪೇಲವ. ಅದು ನನ್ನ ಗಮನಕ್ಕೆ ಬಾರದೆ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಟಿ.ವಿ.ಯನ್ನು ಓರೆಗಣ್ಣಿನಿಂದ ನೋಡುವವರು ಯಾರೂ ಇಲ್ಲವೆಂದು ಅದನ್ನು ತಳ್ಳಿಹಾಕಿ ಪೂರ್ತಿ ಅಂಕ ಕೊಟ್ಟೆ. ಗೋಡೆಗೆ ಅಂಟಿ ಕೂರುವ, ಆಚೀಚೆ ಅಲುಗದ ಸ್ಟ್ಯಾಂಡನ್ನೇ ಆರಿಸಿದೆ. ಅಲುಗುವ ಸ್ಟ್ಯಾಂಡು ಮನಸ್ಸು ಗಟ್ಟಿಯಿಲ್ಲದವರಿಗೆ.

ಶುಕ್ರವಾರ ಬಂತು. ಕಾಲೇಜಿಗೆ ದಸರಾ ರಜೆ; ಶೈಲಾಳೂ ರಜೆ ಹಾಕಿದ್ದಳು. ಟಿ.ವಿ.ಯ ನಟ್ಟ ಎದುರಿಗೆ, ನನ್ನ ಲೆಕ್ಕಾಚಾರದ ದೂರದಲ್ಲಿ, ಮೆತ್ತೆ ಹಾಕಿದ ಕುರ್ಚಿ ಇಟ್ಟೆ. ಅಮ್ಮ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದಳು. ಕುರ್ಚಿಯನ್ನು ನೋಡಿದಳು. ಅದನ್ನು ಬಳಸಿಕೊಂಡು ಹೋಗಿ, ಊಟದ ಮೇಜಿನ ಪಕ್ಕ ಗೋಡೆಗೆ ಒರಗಿಸಿದ್ದ ಸ್ಟೂಲಿನ ಮೇಲೆ ಕೂತಳು.

"ಅಲ್ಲಿ ಅಲ್ಲಮ್ಮ, ಇಲ್ಲಿ," ಎಂದೆ.

"ದೇವರ ನಟ್ಟ ಎದುರು ಯಾರಾದರೂ ಕೂತ್ಕೊಳ್ತಾರಾ?" ಎಂದಳು ಅಮ್ಮ. "ನಡೆಗೆ ಅಡ್ಡ ಆಗುವುದಿಲ್ವಾ? ನಾನು ಜನ್ಮದಲ್ಲಿ ಎದುರು ನಿಂತವಳಲ್ಲ. ಬದಿಯಲ್ಲಿ ಕಂಬದ ಹತ್ತಿರ ನನ್ನ ಜಾಗ."

ಅದು ನಿಜ. ಗುಡಿಯಲ್ಲಿ ದೇವರ ಎದುರಿನ ದಾರಿಯನ್ನು ಬಿಟ್ಟು ಬದಿಗೆ ನಿಲ್ಲಬೇಕೆಂದು ನಮಗೆ ಕಲಿಸಿದವಳೇ ಅವಳು. ಬೆಳಕಿನ ಕೋನಗಳನ್ನು ವರ್ಷಗಟ್ಟಲೆ ಪಾಠ ಮಾಡಿದ ನನಗೆ ನನ್ನ ಅಮ್ಮ ಯಾವ ಕೋನದಲ್ಲಿ ಕೂರುತ್ತಾಳೆಂದು ಹೊಳೆದಿರಲಿಲ್ಲ. ಇದು ಟಿ.ವಿ. ಅಮ್ಮ, ದೇವರಲ್ಲ ಎಂದೆ. ಹಾಗಾದರೆ ಇಷ್ಟು ಹಣ ಕೊಟ್ಟು ಯಾರನ್ನು ತೋರಿಸಲು ತಂದದ್ದು ಎಂದು ಅವಳು ಕೇಳಿದಳು.

ಅಷ್ಟರಲ್ಲಿ ಪ್ರಸಾರ ಶುರುವಾಯಿತು. ಅಮ್ಮ ಕಣ್ಣು ಕಿರಿದು ಮಾಡಿದಳು, ಕನ್ನಡಕ ಒರೆಸಿದಳು, ಮತ್ತೆ ನೋಡಿದಳು. ಅವಳ ಮುಖ ಬಾಡಿತು. "ರಘು ಎಂತ ಗಂಧದ ಬದಲು ಸುಣ್ಣ ಬಳಿದಿದ್ದಾನಾ?" ಎಂದಳು ಸಣ್ಣ ಸ್ವರದಲ್ಲಿ. "ಮೂಗೇ ಇಲ್ಲ. ಪಾಪ, ಅವನಿಗೆ ಬರಲಿಲ್ಲ."

ನಾನು ಅವಳ ಪಕ್ಕ ಬಗ್ಗಿ ನೋಡಿದೆ. ಅಲ್ಲಿಂದ ದೇವಿಯ ಮುಖ ಬಿಳಿಚಿಕೊಂಡ ಒಂದು ಉಂಡೆ. ಎದುರಿಗೆ ಹೋಗಿ ನೋಡಿದೆ. ಮೂಗು ಮಾತ್ರವಲ್ಲ, ಮೂಗುತಿಯ ಕೆಳಗಿನ ನೆರಳೂ ಇತ್ತು. ಒಂದು ಸಲ ಎದುರು ಬಾ ಅಮ್ಮ ಎಂದು ಅಂಗಲಾಚಿದೆ. ಅವಳು ತಲೆ ಅಲ್ಲಾಡಿಸಿದಳು. ಪೂಜೆ ಮುಂದುವರಿಯುತ್ತಿತ್ತು. ಇನ್ನು ಸ್ವಲ್ಪದರಲ್ಲಿ ಆರತಿ ಮುಗಿದು ಬಾಗಿಲು ಹಾಕುತ್ತಾರೆ. ಆಮೇಲೆ ರೆಕಾರ್ಡು ತೋರಿಸಬಹುದು, ನಿಜ. ಆದರೆ ಮಗ ಸೋತನೆಂದು ಒಮ್ಮೆ ನೊಂದ ಮನಸ್ಸಿನಿಂದ ಆ ನೋವು ಹೋಗುವುದು ಸುಲಭವಲ್ಲ.

"ಅಮ್ಮನನ್ನು ತಿರುಗಿಸುವುದಕ್ಕಿಂತ ಟಿ.ವಿ. ತಿರುಗಿಸುವುದು ಸುಲಭ," ಎಂದಳು ಶೈಲಾ. ಭಕ್ತರಿಗಾಗಿ ದೇವರು ತಿರುಗಿ ನಿಂತ ಕಥೆ ನಮ್ಮ ಕಡೆಯವರಿಗೆ ಹೊಸದಲ್ಲ. ಆದರೆ ಆ ದೇವರನ್ನು ಅಲುಗದ ಸ್ಟ್ಯಾಂಡಿಗೆ ಸಿಕ್ಕಿಸಿರಲಿಲ್ಲ. ನಾವಿಬ್ಬರೂ ಸೇರಿ ಟಿ.ವಿ.ಯನ್ನು ಗೋಡೆಯಿಂದ ಕಳಚಿ, ವಯರ್ ತಪ್ಪದ ಹಾಗೆ ಇಳಿಸಿ, ಟೀಪಾಯಿಯ ಮೇಲೆ ಅಮ್ಮನ ಕಡೆಗೆ ತಿರುಗಿಸಿ ನಿಲ್ಲಿಸಿದೆವು. ಅದರ ಕಾಲುಗಳು ಇನ್ನೂ ಪೆಟ್ಟಿಗೆಯಲ್ಲಿದ್ದವು. ಹಾಗಾಗಿ ಕಾಲುಗಳ ಕೆಲಸ ನನ್ನ ಪಾಲಿಗೆ ಬಂತು. ಟಿ.ವಿ.ಯ ಹಿಂದೆ ಮಂಡಿಯೂರಿ, ಎರಡೂ ಕೈಗಳಿಂದ ಅದನ್ನು ತಬ್ಬಿ ಹಿಡಿದೆ.

ಗಂಟೆ ಬಾರಿಸುವುದು ಕೇಳಿಸಿತು, ಶಂಖ ಕೇಳಿಸಿತು. ನನಗೆ ಕಂಡದ್ದು ಕರಿ ಪ್ಲಾಸ್ಟಿಕ್ಕು ಮತ್ತು ಒಣ ಜಾಗದಲ್ಲಿಡಿ ಎಂದು ಬರೆದ ಒಂದು ಚೀಟಿ. ತಮ್ಮನ ಮೊದಲ ಗಂಧಾಲಂಕಾರದ ಆರತಿಯನ್ನು ಮಂಗಳೂರಿನಲ್ಲೆಲ್ಲ ನೋಡಲು ಸಾಧ್ಯವಾಗದವನು ನಾನೊಬ್ಬನೇ ಇರಬೇಕು. ಆಮೇಲೆ ಆ ಕಡೆಯಿಂದ ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಅದೇ ಮೂಗು," ಎಂದಳು ಅಮ್ಮ. "ಅವರದ್ದೇ ಕೈ."

ಬಾಗಿಲು ಹಾಕಿದ ಮೇಲೆ ರಘು ಫೋನ್ ಮಾಡಿದ. ಅಮ್ಮ ಅವನನ್ನು ಬಾಯ್ತುಂಬ ಹೊಗಳಿದಳು. ನಾನು ಇನ್ನೂ ಟಿ.ವಿ.ಯ ಹಿಂದೆಯೇ ಇದ್ದೆ. ಶೈಲಾ ಸ್ಕ್ರೂ ಡ್ರೈವರ್ ಹುಡುಕಲು ಹೋಗಿದ್ದಳು. ಹೇಗೆ ಕಾಣಿಸಿತು ಎಂದು ಅವನು ಕೇಳಿರಬೇಕು. "ಚಂದ ಕಾಣ್ತದೆ ಮಗ, ದೀಪ ಸಮೇತ ಕಾಣ್ತದೆ," ಎಂದಳು ಅಮ್ಮ. "ಹೊಸ ಟಿ.ವಿ. ಉಂಟಲ್ಲ. ನಿನ್ನ ಅಣ್ಣ ತುಂಬ ಪರೀಕ್ಷೆ ಮಾಡಿ ತಂದದ್ದು. ಆದರೂ ಒಳ್ಳೆಯದುಂಟು."

ಅಮ್ಮನ ಬಾಯಿಂದ ಬಂದ ಈ ಪ್ರಮಾಣಪತ್ರವನ್ನು ನಾನು ನೆಂಟರಿಷ್ಟರಿಗೆಲ್ಲ ಅಕ್ಷರಶಃ ತಲುಪಿಸಿದ್ದೇನೆ. ನಡುವಿನ 'ಆದರೂ' ಎಂಬುದೊಂದನ್ನು ಮಾತ್ರ ಬಿಟ್ಟಿದ್ದೇನೆ.