ಬಿಜಲಿ ಉಸ್ತಾದನಿಗೆ ಸಿನಿಮಾದವರು ಬಗೆದ ದ್ರೋಹ

ನಾನು ಸಿಟ್ಟಿನ ಮನುಷ್ಯನಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ಸಿಟ್ಟಿನವನಾಗಿದ್ದರೆ ಇಷ್ಟೊತ್ತಿಗೆ ಅವನ ಫೋಟೋಕ್ಕೆ ಹಾರ ಬಿದ್ದಿರುತ್ತಿತ್ತು. ಆದರೆ ಕಳೆದ ತಿಂಗಳು ರಾಯಚೂರಿನ ಟಾಕೀಸಿನಲ್ಲಿ ‘ಬಿಜಲಿ ಉಸ್ತಾದ’ ಸಿನಿಮಾ ನೋಡಿದ ಮೇಲೆ ನನ್ನ ಬಿ.ಪಿ. ನೂರಾ ಎಪ್ಪತ್ತಕ್ಕೆ ಏರಿತು. ಏರದೆ ಏನು ಮಾಡೀತು? ಮೂಲಕಥೆಯ ಹಾಡಹಗಲಿನ ಕೊಲೆಯನ್ನು (ಮ್ಯಾಟಿನಿ ಶೋ) ಕಣ್ಣಾರೆ ಕಂಡವನು ನಾನು.

ಬಿಜಲಿ ಉಸ್ತಾದ ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಮಾನ್ವಿಯಲ್ಲಿ ಒಂದನೇ ಇಯತ್ತೆಯಲ್ಲಿದ್ದಾಗ ನಮ್ಮಪ್ಪ ಹೈದರಾಬಾದಿನಿಂದ ಚಿತ್ರಕಥೆಯ ಪುಸ್ತಕಗಳ ಒಂದು ಕಟ್ಟು ತಂದರು. ಇಪ್ಪತ್ತೆರಡು ಸಂಚಿಕೆ, ಎಲ್ಲವೂ ಉರ್ದು. ನಿಜಾಮನ ಕಾಲದಲ್ಲಿ ಓದಿದ ಅಪ್ಪನಿಗೆ ಉರ್ದು ನೀರು ಕುಡಿದಂತೆ. ನನಗೆ ಇವತ್ತಿಗೂ ಅದರ ಒಂದಕ್ಷರ ಬಾರದು. ನನಗಿಂತ ಏಳು ವರ್ಷ ದೊಡ್ಡವಳಾದ ಜಯಕ್ಕ ದಿನಾ ಸಂಜೆ ನನ್ನ ಪಕ್ಕ ಕೂತು, ಒಂದೊಂದೇ ಪುಟ ತಿರುವಿ, ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದಕ್ಷರ ಮರೆತಿಲ್ಲ ನಾನು. ಉಸ್ತಾದ ಹುಟ್ಟಿನಿಂದಲೇ ಮಹಾಶೂರ. ಬಿದ್ದುಹೋದ ಕೋಟೆಯನ್ನು ಬರಿಗೈಯಲ್ಲಿ ಎತ್ತಿ ನಿಲ್ಲಿಸುತ್ತಾನೆ. ಮೆಂತ್ಯಪಲ್ಯ ತಿನ್ನದೆ ಯುದ್ಧಕ್ಕೆ ಹೊರಡುವುದಿಲ್ಲ. ತುಂಟಾಟ ಮಾಡಿದಾಗ ಕಪ್ಪು ಬಟ್ಟೆಯ ಅವನ ಅಕ್ಕ ಕಂಬಕ್ಕೆ ಕಟ್ಟಿ ಬುದ್ಧಿ ಹೇಳುತ್ತಾಳೆ. ಕೊನೆಗೊಂದು ದಿನ ಸಿಡಿಲು ಬಡಿದು ಅವನ ಸೊಕ್ಕೆಲ್ಲ ಇಳಿದು, ಮರದ ಕೆಳಗೆ ಕೂತು ಮಕ್ಕಳ ನೋಟುಬುಕ್ಕು ತಿದ್ದುವ ಸಾತ್ವಿಕ ಮಾಸ್ತರನಾಗುತ್ತಾನೆ. ಆಹಾ! ಪರಾಕ್ರಮದಿಂದ ಪಾಠಶಾಲೆಗೆ! ಆ ಕಥೆ ಕೇಳಿಯೇ ನಾನು ಮಾಸ್ತರನಾದದ್ದು.

ಇನ್ನು ಸಿನಿಮಾ ಕೇಳಿ. ದೀಪ ಆರಿತು. ಪರದೆಯ ಮೇಲೆ ಒಬ್ಬ ಬಡ ಮಾಸ್ತರ ಮರದ ಕೆಳಗೆ ನೋಟುಬುಕ್ಕು ತಿದ್ದುತ್ತಿದ್ದಾನೆ. ಢಂ ಎಂದು ಸಿಡಿಲು ಬಡಿಯಿತು. ಮಾಸ್ತರನಿಗೆ ಶಕ್ತಿ ಬಂತು!

ನಾನು ಎದ್ದು ನಿಂತೆ. “ಏ! ಇದು ಕಡೀ ಸೀನು! ತಂದು ಮೊದಲಿಗೇ ಇಟ್ಟಾರ! ಮೂಲದಾಗ ಹಿಂಗಿಲ್ಲ!”

“ರೀ, ಸುಮ್ನ ಕೂಡ್ರಿ. ಮಂದಿ ನೋಡ್ಲಿಕತ್ತಾರ,” ಎಂದು ನನ್ನ ಹೆಂಡತಿ ಪೂರ್ಣಶ್ರೀ ಅಂಗಿ ಹಿಡಿದು ಎಳೆದಳು.

ಕೂತೆ. ಹತ್ತು ನಿಮಿಷಕ್ಕೆ ಉಸ್ತಾದ ನಿಂತಿದ್ದ ಕೋಟೆಯನ್ನು ಗುದ್ದಿ ಕೆಡವಿದ. ಮತ್ತೆ ಎದ್ದೆ. “ಕೆಡವೂದಲ್ಲೋ, ಕಟ್ಟೂದು! ಮೂಲ ನೋಡ್ರಿ, ಮೂಲ!”

ಹಿಂದಿನ ಸಾಲಿನಲ್ಲಿ ಅಕ್ಕಿ ಗಿರಣಿಯ ಮಲ್ಲೇಶಪ್ಪನವರು ಹೆಂಡತಿಯೊಡನೆ ಕೂತಿದ್ದರು. ನಮ್ಮ ಓಣಿಯವರೇ. ಅವರು ಮುಂದೆ ಬಾಗಿ ಬಹಳ ಕಕ್ಕುಲಾತಿಯಿಂದ, “ಸರ, ಮೂಲದ ತ್ರಾಸ ಇದ್ರ ಡಾಕ್ಟರಿಗೆ ತೋರಸ್ರಿ. ಪಾಪ, ಐದು ನಿಮಿಷ ಕುಂದ್ರಾಕ ಆಗವಲ್ದು ನಿಮಗ, ಎದ್ದೆದ್ದು ನಿಂದ್ರಾಕತ್ತೀರಿ,” ಎಂದರು.

ಇಡೀ ಟಾಕೀಸು ನಕ್ಕಿತು. ಪೂರ್ಣಶ್ರೀಯೂ ನಕ್ಕಳು (ಅದನ್ನು ಬೇರೆಯಾಗಿ ಬರೆದಿಟ್ಟುಕೊಂಡಿದ್ದೇನೆ). ನಾನು ಕತ್ತಲಲ್ಲೇ ಡೈರಿ ತೆಗೆದು ತಪ್ಪುಗಳನ್ನು ಪಟ್ಟಿ ಮಾಡಿದೆ. ನಲವತ್ತೊಂದು! ಎಲ್ಲಕ್ಕಿಂತ ಘೋರವಾದದ್ದು ಹತ್ತೊಂಬತ್ತನೆಯದು. ಆ ಕಪ್ಪು ಬಟ್ಟೆಯ ಸಾಧ್ವಿ ಅಕ್ಕನನ್ನು ಸಿನಿಮಾದವರು ಖಳನಾಯಕಿ ಮಾಡಿಬಿಟ್ಟಿದ್ದರು.

ಮರುದಿನದಿಂದ ಮನೆಗೆ ಬಂದವರಿಗೆಲ್ಲ ಪಟ್ಟಿ ಓದಿದೆ. ಹಾಲಿನವನು ಹಾಲನ್ನು ಗೇಟಿನಲ್ಲೇ ಇಟ್ಟು ಓಡತೊಡಗಿದ. ಕೊನೆಗೆ ನಮ್ಮ ಓದುಗರ ಬಳಗದ ಕಾರ್ಯದರ್ಶಿ ಮರಿಸ್ವಾಮಿ ಸಿಕ್ಕಿಬಿದ್ದರು. “ಸರ, ಭಾನುವಾರ ಇದನ್ನs ಭಾಷಣ ಮಾಡಿಬಿಡ್ರಿ,” ಎಂದು ಕರಪತ್ರವನ್ನೂ ಹಂಚಿಸಿದರು. ‘ಮೂಲನಿಷ್ಠೆ: ಒಂದು ಗಂಭೀರ ಚಿಂತನೆ’.

ಚಿಂತನೆಗೆ ಪುರಾವೆ ಬೇಡವೇ? ಪುಸ್ತಕಗಳ ಟ್ರಂಕು ದೇವದುರ್ಗದಲ್ಲಿ ಜಯಕ್ಕನ ಮನೆಯಲ್ಲಿತ್ತು. ಮದುವೆಯಾಗಿ ಹೋಗುವಾಗ ಅವಳೇ ಒಯ್ದಿದ್ದಳು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಪೂರ್ಣಶ್ರೀಯನ್ನು ನಾನು ಕರೆದಿರಲಿಲ್ಲ. “ದಾಖಲೆ ನೋಡದ ನಾ ಯಾರ ಮಾತೂ ಒಪ್ಪೂದಿಲ್ಲ,” ಎಂದು ಅವಳೇ ಹೊರಟಳು. ಅವಳು ತಹಶೀಲ್ದಾರ ಕಚೇರಿಯ ರೆಕಾರ್ಡು ರೂಮಿನವಳು. ಹಳೆಯ ಜಮೀನಿನ ಕಾಗದಗಳೆಲ್ಲ ಅಲ್ಲಿ ಉರ್ದುವಿನಲ್ಲಿರುವುದರಿಂದ, ಜಹೀರುದ್ದೀನ್ ಎಂಬ ಹಳೆಯ ಗುಮಾಸ್ತರಿಂದ ಎರಡು ವರ್ಷ ಕೂತು ಉರ್ದು ಓದಲು ಕಲಿತವಳು. ನನ್ನ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು ಎಂದು ದಾರಿಯುದ್ದಕ್ಕೂ ಹಿಗ್ಗಿದೆ.

ಜಯಕ್ಕ ಅಟ್ಟದಿಂದ ಟ್ರಂಕು ಇಳಿಸಿಕೊಟ್ಟು, ಅವಲಕ್ಕಿ ಹಚ್ಚಲು ಒಳಗೆ ಹೋದಳು. ನಾನು ಮೊದಲ ಸಂಚಿಕೆ ತೆಗೆದು, ರಟ್ಟು ಸರಿಸಿ, ಮೊದಲ ಪುಟವನ್ನು ಪೂರ್ಣಶ್ರೀಯ ಮುಂದೆ ಹಿಡಿದೆ. ಉಸ್ತಾದ ಎರಡೂ ಕೈಯೆತ್ತಿ ಕೋಟೆಯ ಕಲ್ಲುಗಳ ನಡುವೆ ನಿಂತಿದ್ದ.

“ನೋಡು! ಕೋಟಿ ಎತ್ತಿ ನಿಲ್ಲಸ್ಲಿಕತ್ತಾನ!”

ಅವಳು ಕನ್ನಡಕ ಏರಿಸಿ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. “ಇಲ್ಲೇನು ಬರದದ ಗೊತ್ತದೇನು? ‘ಮುಗಿಯಿತು’ ಅಂತ ಬರದದ.”

“ಮೊದಲ್ನೇ ಪುಟದಾಗ ಮುಗೀಲಿಕ್ಕೆ ಹೆಂಗ ಸಾಧ್ಯ?”

“ಇದು ಕಡೀ ಪುಟರೀ, ಗಣಿತದ ಮಾಸ್ತರ. ಉರ್ದು ಬಲದಿಂದ ಎಡಕ್ಕ. ಪುಸ್ತಕ ಆ ಕಡಿಂದ ತಗೀಬೇಕು.”

ಪುಸ್ತಕವನ್ನು ಮಗುಚಿ ಅವಳು ಆ ಕಡೆಯಿಂದ ತೆರೆದಳು. ಮರ. ಮಾಸ್ತರ. ನೋಟುಬುಕ್ಕು. ಸಿಡಿಲು. ಅಕ್ಷರಶಃ ಸಿನಿಮಾ!

ನಾನು ಇನ್ನೊಂದು ಪುಟದ ಮೇಲೆ ಬೆರಳಿಟ್ಟೆ. “ಮತ್ತ… ಈಕಿ? ಕಪ್ಪು ಬಟ್ಟಿಯಾಕಿ?”

“‘ಜಹರೀಲಿ ಬೇಗಂ, ಉಸ್ತಾದನ ಕಡುವೈರಿ’. ಕಂಬಕ್ಕ ಕಟ್ಟಿ, ಕೊಲ್ಲಲಿಕ್ಕೆ ಏನೋ ತಿನಸ್ಲಿಕತ್ತಾಳ.”

“ಅದು ಮೆಂತ್ಯಪಲ್ಯ ಪೂರ್ಣಾ!”

“ವಿಷರೀ!”

ಡೈರಿ ತೆಗೆದು ನಲವತ್ತೊಂದು ತಪ್ಪುಗಳನ್ನೂ ಅವಳು ಒಂದೊಂದಾಗಿ ತಾಳೆ ನೋಡಿದಳು. ಸಿನಿಮಾದವರು ಒಂದು ಗುಂಡಿಯ ಬಣ್ಣವನ್ನೂ ಬದಲಿಸಿರಲಿಲ್ಲ. ಪ್ರತಿ ತಪ್ಪಿನ ಮುಂದೆಯೂ ಕೆಂಪು ಪೆನ್ನಿನಿಂದ ‘ಮೂಲದಂತೆಯೇ ಇದೆ’ ಎಂದು ಷರಾ ಬರೆದಳು.

“ಅಕ್ಕಾ!” ಎಂದು ನಾನು ಕೂಗಿದ ಕೂಗಿಗೆ ಜಯಕ್ಕ ಅವಲಕ್ಕಿಯ ಕೈಯಲ್ಲೇ ಓಡಿಬಂದಳು. “ನೀ ನನಗ ಓದಿ ಹೇಳಿದ್ದಿ! ಒಂದೊಂದು ಅಕ್ಷರ ಓದಿ ಹೇಳಿದ್ದಿ!”

“ಏ ಹುಚ್ಚಪ್ಪಾ, ನನಗೆಲ್ಲಿ ಉರ್ದು ಬರ್ತಿತ್ತೋ!” ಎಂದು ಅವಳು ನಗತೊಡಗಿದಳು. “ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳ್ತಿದ್ದೆ. ಇದನ್ನ ಐವತ್ತು ವರ್ಷ ತಲಿಯೊಳಗ ಇಟ್ಕೊಂಡು ಕೂತೀಯೇನು?”

“ಯಾಕ ಹಂಗ ಮಾಡಿದಿ?”

ಅವಳ ನಗು ಸ್ವಲ್ಪ ತಗ್ಗಿತು. “ಅವ್ವ ರಾಯಚೂರು ದವಾಖಾನಿಯೊಳಗ ಮೂರು ತಿಂಗಳು ಇದ್ಲು, ನಿನಗ ನೆನಪಿಲ್ಲ. ಅಪ್ಪ ಅಲ್ಲೇ ಇರ್ತಿದ್ರು. ನೀ ಅವ್ವ ಬೇಕು ಅಂತ ಹಟ ಹಿಡದು ಒಂದು ತುತ್ತು ಉಣ್ತಿದ್ದಿಲ್ಲ. ಹಿತ್ತಲದಾಗ ಬರೇ ಮೆಂತ್ಯ ಬೆಳದಿತ್ತು. ನಾ ಹದಿಮೂರು ವರ್ಷದಾಕಿ, ಇನ್ನೇನು ಮಾಡ್ಲಿ? ಉಸ್ತಾದ ಅದನ್ನs ತಿಂತಾನ, ಅಕ್ಕನ ಮಾತು ಕೇಳ್ತಾನ ಅಂದೆ. ನೀ ಉಂಡಿ.”

ಪೂರ್ಣಶ್ರೀ ಕಣ್ಣೊರೆಸಿಕೊಂಡಳು. ಮರುಕ್ಷಣವೇ, “ಅಲ್ರೀ ಅಕ್ಕಾ, ಹಂಗಿದ್ರ ಹೆಂಡತಿ ಮಾತು ಕೇಳ್ತಾನ ಅಂತನೂ ಒಂದು ಪುಟದಾಗ ಸೇರಿಸಬೇಕಿತ್ತು,” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಭಾಷಣಕ್ಕೆ ಉಳಿದದ್ದು ಒಂದೇ ದಿನ.

ಮರಿಸ್ವಾಮಿಗೆ ಫೋನು ಮಾಡಿ ಗಂಟಲು ಕೆಟ್ಟಿದೆ ಎಂದೆ. ಅಷ್ಟರಲ್ಲಿ ಪೂರ್ಣಶ್ರೀ ಫೋನು ಕಸಿದುಕೊಂಡು ನಡೆದದ್ದನ್ನೆಲ್ಲ ವರದಿ ಒಪ್ಪಿಸಿದಳು. ಆ ಪುಣ್ಯಾತ್ಮ, “ಹಂಗಾದ್ರ ಮೇಡಮ್ಮೋರs ಮಾತಾಡ್ಲಿ. ಮೂಲ ಓದಿದವ್ರು ಅವ್ರೊಬ್ರs ಅಲ್ಲೇನ್ರಿ,” ಎಂದ. ಭಾನುವಾರ ಅವಳು ಒಂದು ತಾಸು ಮಾತಾಡಿದಳು. ಮೊದಲ ಸಾಲಿನಲ್ಲಿ ಕೂತ ಮಲ್ಲೇಶಪ್ಪ ಎರಡು ಸಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾರವನ್ನು ಅವಳ ಕೊರಳಿಗೆ ಹಾಕಿದರು, ದೇವದುರ್ಗದಿಂದ ತಂದಿದ್ದ ಪುಸ್ತಕದ ಟ್ರಂಕನ್ನು ನನ್ನ ಹೆಗಲಿಗೆ ಏರಿಸಿದರು.

ಈಗ ದಿನಾ ಸಂಜೆ ಚಹಾ ಆದ ಮೇಲೆ ಪೂರ್ಣಶ್ರೀ ನನ್ನನ್ನು ಎದುರಿಗೆ ಕೂರಿಸಿಕೊಂಡು ಮೂಲವನ್ನು, ಬಲದಿಂದ ಎಡಕ್ಕೆ, ಕ್ರಮವಾಗಿ ಓದಿ ಹೇಳುತ್ತಾಳೆ. ಮೊದಲ ಮೂರು ಸಂಚಿಕೆ ಸಿನಿಮಾದಂತೆಯೇ ಇದ್ದವು. ನಾಲ್ಕನೆಯದರಿಂದ ಕಥೆ ಸಿನಿಮಾದಲ್ಲಿಲ್ಲ. ಅದರಲ್ಲಿ ಉಸ್ತಾದ ಸ್ನಾನವಾದ ಮೇಲೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯದೆ ತಂತಿಗೆ ಹಾಕುತ್ತಾನೆ. ಐದನೆಯದರಲ್ಲಿ, ನಳ ಬಂದ ದಿನ ತಾನೇ ಎದ್ದು ಕೊಡಗಳಿಗೆಲ್ಲ ನೀರು ತುಂಬುತ್ತಾನೆ. ನಿನ್ನೆ ಓದಿದ ಆರನೆಯದರಲ್ಲಿ, ಹೆಂಡತಿಯ ತಮ್ಮ ಬಂದು ಹದಿನೈದು ದಿನ ಇದ್ದರೂ ಉಸ್ತಾದ ಮುಖ ಗಂಟಿಕ್ಕುವುದಿಲ್ಲ.

ನನಗೆ ತಡೆಯಲಾಗಲಿಲ್ಲ. “ಪೂರ್ಣಾ, ಖರೇ ಹೇಳು. ಇದೆಲ್ಲಾ ಮೂಲದಾಗ ಅದ ಏನು?”

ಅವಳು ಪುಸ್ತಕವನ್ನು ನನ್ನ ಮೂಗಿನ ಹತ್ತಿರ ಹಿಡಿದು, ಕಣ್ಣು ಮಿಟುಕಿಸದೆ ಹೇಳಿದಳು: “ಅಕ್ಷರಕ್ಕ ಅಕ್ಷರ ಹಿಂಗs ಅದ. ಅನುಮಾನ ಇದ್ರ ನೀವs ಓದಿ ನೋಡ್ರಿ.”