ಟವೆಲ್ಲಿನಷ್ಟು ಸಮುದ್ರ

ಈಗಲೇ ಹೇಳಿಬಿಡಲೇ, ಅಥವಾ ಅವಳು ಚಹಾ ಕುಡಿದ ಮೇಲೆ ಹೇಳಲೇ? ಕುಡಿದ ಮೇಲಾದರೆ ಲೋಟ ಖಾಲಿಯಿರುತ್ತದೆ, ಎಸೆದರೂ ಮೈ ಸುಡುವುದಿಲ್ಲ. ಆದರೆ ಚಹಾ ಕುಡಿದ ಕೂಡಲೇ ಅವಳಿಗೆ ಜೋಂಪು ಹತ್ತುತ್ತದೆ. ಜೋಂಪಿನಲ್ಲಿದ್ದವಳನ್ನು ಎಬ್ಬಿಸಿ ಹೇಳುವಂಥ ಮಾತೇ ಇದು?

ಐದು ವಾರಗಳಿಂದ ಶಾದ್ಲಿ ದಿನಾ ಬೆಳಿಗ್ಗೆ ಪುದೀನಾ ಚಹಾದ ಲೋಟ ಹಿಡಿದುಕೊಂಡು, ಮಲಗುವ ಕೋಣೆಯ ಹೊಸ್ತಿಲಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದ. ಯೋಚನೆ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತಿತ್ತು.

ಹೇಳಬೇಕಾದ ಮಾತು ಬಹಳ ಚಿಕ್ಕದು. ಅಡುಗೆಮನೆಯ ನೆಲದ ಮೇಲೆ ಎಣ್ಣೆ ಚೆಲ್ಲಿದ್ದು ತಾನು. ಡಬ್ಬಿಯಿಂದ ಬಾಟಲಿಗೆ ಆಲಿವ್ ಎಣ್ಣೆ ಬಗ್ಗಿಸುವಾಗ ಚೆಲ್ಲಿತು, ಹಳೆಯ ಪೇಪರಿನಿಂದ ಒರೆಸಿದ, ಒರೆಸಿದ್ದಾಯಿತೆಂದುಕೊಂಡ. ಸ್ವಲ್ಪ ಹೊತ್ತಿನಲ್ಲೇ ಅವನ ಹೆಂಡತಿ ಮನ್ನೂಬಿಯಾ ಜಾರಿ ಬಿದ್ದಳು. ಸೊಂಟದ ಮೂಳೆ ಬಿರುಕುಬಿಟ್ಟಿತು. ಮೊದಲ ದಿನ ಅವಳಿಗೆ ನೋವು, ಹೇಳಲಿಲ್ಲ. ಎರಡನೆಯ ದಿನ ನೋಡಲು ಬಂದವರ ಗದ್ದಲ, ಹೇಳಲಿಲ್ಲ. ಮೂರನೆಯ ದಿನ ಅವಳೇ ತೀರ್ಪು ಕೊಟ್ಟಳು: "ಎಲ್ಲಾ ಆ ದರಿದ್ರ ಚಪ್ಪಲಿಯಿಂದ ಆಗಿದ್ದು. ಅಟ್ಟೆ ಸವೆದುಹೋಗಿತ್ತು. ತಗೊಂಡು ಹೋಗಿ ಎಸಿ." ಶಾದ್ಲಿ ಚಪ್ಪಲಿಯನ್ನು ಕಸದ ತೊಟ್ಟಿಯವರೆಗೆ ಒಯ್ದು, ಎಸೆಯುವ ಮುಂಚೆ ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿದ. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಊರವರ ಮಾತನ್ನೆಲ್ಲ ಸರಿಯಾದ ವಿಳಾಸಕ್ಕೆ ಮುಟ್ಟಿಸಿದವನಿಗೆ, ತನ್ನ ಒಂದು ಮಾತನ್ನು ಅಡುಗೆಮನೆಯಿಂದ ಪಕ್ಕದ ಕೋಣೆಗೆ ಮುಟ್ಟಿಸಲಾಗಲಿಲ್ಲ.

ಅದಕ್ಕಿಂತ ಕಷ್ಟವಾದದ್ದು ಅವಳ ಮೌನ. ತೂನಿಸ್ ಬಳಿಯ ಕಡಲತೀರದ ಊರಾದ ಮರ್ಸಾದ ಆ ಬೀದಿಯಲ್ಲಿ ಮನ್ನೂಬಿಯಾಳ ದನಿ ಕೇಳದ ದಿನವಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಅವಳು ಬೈದರೆ ಮೀನಿನವನ ಗಾಡಿ ತಾನಾಗಿಯೇ ನಿಲ್ಲುತ್ತಿತ್ತು. ಈಗ ಅವಳು ಎದುರಿನ ಗೋಡೆಯನ್ನು ನೋಡುತ್ತಾ ಸುಮ್ಮನೆ ಮಲಗಿರುತ್ತಿದ್ದಳು. ಗೋಡೆಯ ಮೇಲೆ ಕಳೆದ ವರ್ಷದ ಕ್ಯಾಲೆಂಡರೂ ಒಂಟೆಯ ಆಕಾರದ ತೇವದ ಕಲೆಯೂ ಇದ್ದವು. ಇನ್ನು ಎದ್ದು ಕೂರಬಹುದೆಂದು ಡಾಕ್ಟರು ಹೇಳಿ ವಾರವಾದರೂ ಅವಳು ಕೂರಲಿಲ್ಲ. ಕೇಳಿದರೆ, "ಕೂತು ಏನು ನೋಡ್ಲಿ?" ಎಂದು ಕಣ್ಣು ಮುಚ್ಚಿದ್ದಳು.

ಅಂದು ಬೆಳಿಗ್ಗೆ ಶಾದ್ಲಿಗೆ ಹೊಳೆದದ್ದು ಇದೇ. ತೇವದ ಕಲೆ ನೋಡುತ್ತಾ ಮಲಗಿದವರು ಯಾರನ್ನು ತಾನೇ ಕ್ಷಮಿಸುತ್ತಾರೆ? ಸಮುದ್ರ ಕಾಣುವಂತಿದ್ದರೆ ಮನಸ್ಸು ಅಗಲವಾಗುತ್ತದೆ. ಮನಸ್ಸು ಅಗಲವಾದ ಹೊತ್ತು ನೋಡಿ ಹೇಳಿಬಿಡಬಹುದು.

ಕೋಣೆಯ ಮೂಲೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ನಿಜ. ಆದರೆ ಹಲ್ಲಿನ ಡಾಕ್ಟರ ಹೊಸ ಕಟ್ಟಡಕ್ಕೂ ಹಳೆಯ ಹೋಟೆಲಿಗೂ ನಡುವೆ, ಹಗ್ಗದ ಮೇಲೆ ಒಣಹಾಕಿದ ಟವೆಲ್ಲಿನಷ್ಟು. ಅದು ಮಲಗಿದವರ ಕಣ್ಣಿಗೆ ಬೀಳಬೇಕಾದರೆ ಮಂಚ ಎಲ್ಲಿರಬೇಕು? ಶಾದ್ಲಿ ದಿಂಬಿನ ಎತ್ತರಕ್ಕೆ ತಲೆ ತಗ್ಗಿಸಿ, ಮಂಡಿಯೂರಿ, ಕೋಣೆಯ ಉದ್ದಗಲಕ್ಕೆ ಏಡಿಯಂತೆ ಸರಿದಾಡಿದ.

"ಏನು ಕಳಕೊಂಡಿದ್ದೀಯ?" ಎಂದಳು ಮನ್ನೂಬಿಯಾ.

"ಏನಿಲ್ಲ. ಮಂಚ ಸ್ವಲ್ಪ ತಿರುಗಿಸ್ತೀನಿ."

"ನಾನು ಇಳೀಬೇಕಾ?"

"ಬೇಡ. ನೀನು ಮಲಕ್ಕೊಂಡೇ ಇರು."

"ನಾನಿನ್ನೆಲ್ಲಿಗೆ ಹೋಗ್ಲಿ," ಎಂದು ಅವಳು ಮತ್ತೆ ಗೋಡೆಯತ್ತ ತಿರುಗಿದಳು.

ಮಂಚ ಅವಳ ತವರಿನದು, ಚೌಕಟ್ಟೆಲ್ಲ ಕಬ್ಬಿಣ. ಶಾದ್ಲಿ ಭುಜ ಕೊಟ್ಟು ದಬ್ಬಿದಾಗ ಅದು ಒಂದು ಗೇಣು ಸರಿದು, ಬಂದರಿನಲ್ಲಿ ಹಡಗು ಕೂಗಿದಂತೆ ಕೂಗಿತು. ಕೂಡಲೇ ಕೆಳಮನೆಯ ತಿಜಾನಿ, ಬೀದಿಯವರು ಗೌರವದಿಂದ ಸಿ ತಿಜಾನಿ ಎನ್ನುವವನು, ಮೇಲೆ ಬಂದ. ನಿವೃತ್ತ ಮೇಷ್ಟರು. ಬೀದಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಹೋಗುವವನು, ಯಾರು ತೀರಿಕೊಂಡರೂ ಮಣ್ಣು ಮುಗಿಯುವವರೆಗೂ ಇರುವವನು.

"ಒಬ್ಬನೇ ಏನು ಒದ್ದಾಡ್ತಿದ್ದೀಯೋ? ಸರಿ, ಹಿಡಿ. ಮಂಚದ ಕಾಲಿಗೆ ಸ್ವಲ್ಪ ಎಣ್ಣೆ ಹಾಕಿದ್ರೆ ಸರಾಗವಾಗಿ ಜಾರುತ್ತೆ."

"ಬೇಡ! ಎಣ್ಣೆ ಬೇಡ!" ಶಾದ್ಲಿ ಕಿರುಚಿಯೇಬಿಟ್ಟ.

ತಿಜಾನಿ ಅವನ ಮುಖ ನೋಡಿದ. ಇಬ್ಬರೂ ಸೇರಿ ದಬ್ಬಿದರು. ಗೋಡೆಗೆ ನೇರವಾಗಿಟ್ಟರೆ ಹೋಟೆಲು ಅಡ್ಡ ಬರುತ್ತಿತ್ತು, ಇನ್ನಷ್ಟು ಸರಿಸಿದರೆ ಹಲ್ಲಿನ ಡಾಕ್ಟರು. ಕೊನೆಗೆ ಮಂಚ ಯಾವ ಗೋಡೆಗೂ ಸೇರದೆ, ಕೋಣೆಯ ನಡುವೆ ಓರೆಯಾಗಿ ನಿಂತಾಗ ಶಾದ್ಲಿ, "ಹಾಂ, ಇಲ್ಲೇ! ಒಂದು ಕೂದಲೂ ಅತ್ತಿತ್ತ ಆಗ್ಬಾರ್ದು," ಎಂದ.

ತಿಜಾನಿ ಮಂಚವನ್ನು ನೋಡಿದ. ಮನ್ನೂಬಿಯಾಳ ಪಾದಗಳು ತೋರುತ್ತಿದ್ದ ದಿಕ್ಕನ್ನು ನೋಡಿದ. ಅವನ ಕಣ್ಣು ಒದ್ದೆಯಾದವು. ಶಾದ್ಲಿಯ ಹೆಗಲ ಮೇಲೆ ಬಹಳ ಹೊತ್ತು ಕೈಯಿಟ್ಟಿದ್ದು, ಮೆಟ್ಟಿಲಿಳಿದು ಹೋದ. ಹೆಂಡತಿಯ ಮೇಲಿನ ತನ್ನ ಪ್ರೀತಿ ಕಂಡು ಮನಸ್ಸು ಕರಗಿರಬೇಕು ಎಂದುಕೊಂಡ ಶಾದ್ಲಿ.

"ಕಾಣ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಏನು?"

ಅವನು ಕಿಟಕಿಯತ್ತ ಬೆರಳು ತೋರಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಮೇಲ್ಮನೆಯ ದಲಿಂದಾ ನಿಂತಿದ್ದಳು. ಮೂಗು ಕೆಂಪು, ಕೈಯಲ್ಲಿ ಕುಸ್ಕುಸ್ ತುಂಬಿದ ದೊಡ್ಡ ಪಾತ್ರೆ. ಅವಳ ಹಿಂದೆ ಇಬ್ಬರು ಗಂಡಸರು ಮೂಲೆಯ ಕೆಫೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತರುತ್ತಿದ್ದರು. ಅವರ ಹಿಂದೆ ಅಂಗಡಿಯ ಯೂನುಸ್. ಇಪ್ಪತ್ತು ವರ್ಷದಲ್ಲಿ ಅವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದದ್ದನ್ನು ಶಾದ್ಲಿ ಎಂದೂ ಕಂಡಿರಲಿಲ್ಲ.

"ಧೈರ್ಯ ತಗೋ, ಸಿ ಶಾದ್ಲಿ," ಎಂದ ಯೂನುಸ್. "ನಿನ್ನ ದುಃಖದಲ್ಲಿ ನಾವೆಲ್ಲಾ ಇದ್ದೀವಿ."

"ಯಾವ ದುಃಖ?"

ಯೂನುಸ್ ದಲಿಂದಾಳತ್ತ ತಿರುಗಿ, "ಪಾಪ, ತಲೆ ಕೆಟ್ಟುಹೋಗಿದೆ," ಎಂದು ಪಿಸುಗುಟ್ಟಿದ.

ಒಂದೂವರೆ ಗಂಟೆಯಲ್ಲಿ ಕೋಣೆ ತುಂಬಿತು. ಶಾದ್ಲಿಯ ಅಕ್ಕ ಅಝೀಝಾ ತೂನಿಸ್ಸಿನಿಂದ ರೈಲು ಹಿಡಿದು ಬಂದಳು. ಅವಳು ಮನೆಯೊಳಗೆ ಬರುವ ಎರಡು ಮಹಡಿ ಮುಂಚೆಯೇ ಅವಳ ಅಳು ಬಂತು. ಶಾದ್ಲಿ ತಿಜಾನಿಯ ತೋಳು ಹಿಡಿದು ಬಾಲ್ಕನಿಗೆ ಎಳೆದ.

"ಇವರಿಗೆಲ್ಲಾ ಏನಂತ ಹೇಳಿದ್ದೀಯ?"

"ನಾನೇನು ಹೇಳ್ಬೇಕು? ನೀನೇ ಮಂಚ ಕಿಬ್ಲಾಕ್ಕೆ ತಿರುಗಿಸಿದೆಯಲ್ಲ. ಇದೇ ಕೋಣೆಯ ಕೆಳಗೆ ನಾನು ದಿನಾ ಐದು ಸಲ ಮಕ್ಕಾದ ಕಡೆ ಮುಖ ಮಾಡಿ ನಿಲ್ತೀನಪ್ಪ. ಆ ಓರೆ ನನ್ನ ಚಾಪೆಯದೇ ಓರೆ. ಕಾಲು ಆ ಕಡೆಗೆ ಮಾಡಿ ಮಲಗಿಸೋದು ಯಾರನ್ನ? ಕೊನೆಗಳಿಗೆಯಲ್ಲಿ ಇರೋರನ್ನ. ಮೇಲಾಗಿ, ಒಂದು ಕೂದಲೂ ಅತ್ತಿತ್ತ ಆಗ್ಬಾರ್ದು ಅಂದೆ."

"ಅಯ್ಯೋ, ನಾನು ತಿರುಗಿಸಿದ್ದು ಸಮುದ್ರ ಕಾಣ್ಲಿ ಅಂತ!"

ತಿಜಾನಿ ಕಟ್ಟಡಗಳ ಸಂದಿಯನ್ನು ಕಣ್ಣು ಕಿರಿದು ಮಾಡಿ ನೋಡಿದ. "ಅಷ್ಟಕ್ಕಾ?" ಎಂದ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಶಾದ್ಲಿ ಕೋಣೆಗೆ ನುಗ್ಗಿದ. ಅವಳು ಸಾಯುತ್ತಿಲ್ಲವೆಂದು ಹೇಳಿ ಎಲ್ಲರನ್ನೂ ಹೊರಗಟ್ಟುವುದೆಂದು ಬಾಯಿ ತೆರೆದವನು ಹಾಗೆಯೇ ನಿಂತ. ಯೂನುಸ್ ಮಂಚದ ಬಳಿ ಬಗ್ಗಿ, ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. ಈ ಲೋಕ ಬಿಟ್ಟು ಹೊರಟು ನಿಂತವರ ಬಳಿ ಕ್ಷಮೆ ಕೇಳಿಕೊಳ್ಳುವುದು ಅಲ್ಲಿಯ ರೂಢಿ.

"ಲಲ್ಲಾ ಮನ್ನೂಬಿಯಾ, ಅಮ್ಮಾ, ನನ್ನ ಮನ್ನಿಸ್ಬೇಕು. ಇವತ್ತಿಂದು ಅಂತ ನಿಮಗೆ ಕೊಡ್ತಿದ್ದ ಬ್ರೆಡ್ಡು... ಸೋಮವಾರದ ದಿನ ಅದು ಶನಿವಾರದ್ದು."

"ಗೊತ್ತಿತ್ತು," ಎಂದಳು ಮನ್ನೂಬಿಯಾ ಕ್ಷೀಣವಾಗಿ. "ಮನ್ನಿಸಿದ್ದೀನಿ. ಮುಂದಕ್ಕೆ ಯಾರು?"

ಅಝೀಝಾ ಬಂದು ಅವಳ ಕೈ ಹಿಡಿದಳು. "ತಂಗೀ, ಮಕ್ರೂದ್ ಸಿಹಿ ಮಾಡೋದು ಹೇಳಿಕೊಟ್ಟಿದ್ನಲ್ಲ, ಅದರಲ್ಲಿ ಖರ್ಜೂರಕ್ಕೆ ದಾಲ್ಚಿನ್ನಿ ಹಾಕ್ಬೇಕು ಅನ್ನೋದು ಹೇಳಿರ್ಲಿಲ್ಲ."

"ಮೂವತ್ತೊಂದು ವರ್ಷ?"

"ಮೂವತ್ತೊಂದು ವರ್ಷ," ಎಂದು ಅಝೀಝಾ ಬಿಕ್ಕಿದಳು. "ಇಡೀ ಮನೆ ನಿನ್ನ ಮಕ್ರೂದೇ ಚೆನ್ನ ಅಂದುಬಿಟ್ಟಿದ್ರೆ ನನ್ನ ಗತಿ ಏನು ಅಂತ."

ಶಾದ್ಲಿ ಜನರ ನಡುವೆ ತೂರಿ ಹೆಂಡತಿಯ ಕಿವಿಗೆ ಬಾಯಿಟ್ಟ. "ಮನ್ನೂಬಿಯಾ, ಇವರೆಲ್ಲಾ ನೀನು ಸಾಯ್ತಿದ್ದೀಯ ಅಂದ್ಕೊಂಡಿದ್ದಾರೆ. ನಾನೀಗ್ಲೇ ಹೇಳ್ತೀನಿ..."

ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಐದು ವಾರದಲ್ಲಿ ಆ ಕೈಯಲ್ಲಿ ಇಷ್ಟು ಬಲ ಅವನು ಕಂಡಿರಲಿಲ್ಲ. "ಬಾಯಿ ತೆಗೆದ್ರೆ ನೋಡು! ನಾನು ಸಾಯ್ತಿಲ್ಲ ಅಂತ ನನಗೆ ಗೊತ್ತಿಲ್ವಾ? ಸಂಜೆವರೆಗೂ ಸುಮ್ಮನಿರು. ಇನ್ನೂ ಎಷ್ಟು ಜನ ಬಾಕಿ ಇದ್ದಾರೆ."

"ಆದರೆ ಸಮುದ್ರ... ಜನ ಎಲ್ಲಾ ಕಿಟಕಿಗೆ ಅಡ್ಡ ನಿಂತಿದ್ದಾರೆ."

"ಸಮುದ್ರ ನಾಳೆನೂ ಅಲ್ಲೇ ಇರುತ್ತೆ. ಅಝೀಝಾ ನಾಳೆ ದಾಲ್ಚಿನ್ನಿ ಅಂತಾಳಾ? ಆ ಬೀರುವಿನ ಬಾಗಿಲು ಸ್ವಲ್ಪ ತೆಗಿ. ಕನ್ನಡಿಯಲ್ಲಿ ಮೆಟ್ಟಿಲ ಮೇಲೆ ಯಾರು ಬರ್ತಿದ್ದಾರೆ ಅನ್ನೋದು ಕಾಣ್ಲಿ."

ಅವನು ಬೀರುವಿನ ಬಾಗಿಲು ತೆಗೆದ. ಅವಳು ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡಳು. ಹೊದಿಕೆ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ಹೆಂಗಸರೆಲ್ಲ ಇನ್ನಷ್ಟು ಜೋರಾಗಿ ಅತ್ತರು. ಅವಳು ನಗುತ್ತಿದ್ದಾಳೆಂದು ಶಾದ್ಲಿಗೆ ಮಾತ್ರ ಗೊತ್ತಾಯಿತು.

ಇದೇ ಹೊತ್ತು, ಎಂದುಕೊಂಡ. ಶನಿವಾರದ ಬ್ರೆಡ್ಡನ್ನು ಮನ್ನಿಸಿದವಳು, ಮೂವತ್ತೊಂದು ವರ್ಷದ ದಾಲ್ಚಿನ್ನಿಯನ್ನು ಮನ್ನಿಸಿದವಳು, ಒಂದು ಸೌಟು ಎಣ್ಣೆಯನ್ನು ಮನ್ನಿಸದೆ ಇರುತ್ತಾಳೆಯೇ? ನೇರವಾಗಿ ಮಂಚದ ಬಳಿ ಹೋದ. ತಿಜಾನಿ ಕೈ ಅಡ್ಡ ಹಿಡಿದ.

"ಸಾಲಿನಲ್ಲಿ ಬಾ, ಶಾದ್ಲಿ. ಎಲ್ಲರೂ ಕಾಯ್ತಿದ್ದಾರೆ."

ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಮಂಚಕ್ಕೆ, ಶಾದ್ಲಿ ಸಾಲಿನಲ್ಲಿ ನಿಂತ. ಮುಂದೆ ಒಂಬತ್ತು ಜನ. ಸಾಲು ಅಡುಗೆಮನೆಯ ಬಾಗಿಲವರೆಗೂ ಇತ್ತು. ಅವನು ನಿಂತ ಜಾಗದಿಂದ ಆ ನೆಲ ಕಾಣುತ್ತಿತ್ತು. ಹೇಳಬೇಕಾದ ಮಾತನ್ನು ಹನ್ನೆರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಹನ್ನೆರಡನೆಯ ಸಲಕ್ಕೆ ಅದು ಒಳ್ಳೆಯ ಮಾತೆಂದೇ ಅನ್ನಿಸತೊಡಗಿತು. ಅವನ ಮುಂದೆ ಉಳಿದದ್ದು ದಲಿಂದಾ ಒಬ್ಬಳೇ.

"ನೀನು ಆಗ್ಲೇ ಒಂದ್ಸಲ ಬಂದು ಹೋದೆಯಲ್ಲೇ," ಎಂದಳು ಮನ್ನೂಬಿಯಾ. "ಒಣಹಾಕಿದ್ದ ನನ್ನ ಬಟ್ಟೆ ಮೇಲೆ ನೀರು ಬಿಟ್ಟಿದ್ದು ಹೇಳಾಯ್ತು."

ದಲಿಂದಾ ನೆಲಕ್ಕೆ ಕುಸಿದು ಕುಳಿತಳು. "ಅದಲ್ಲ ಲಲ್ಲಾ. ದೊಡ್ಡದೊಂದು ಇದೆ. ಬಾಯಿಗೇ ಬರ್ತಿಲ್ಲ. ಅವತ್ತು ಬೆಳಿಗ್ಗೆ ಮೊಟ್ಟೆ ತುಂಬಿ ಬ್ರಿಕ್ ಕರಿದು ನಿಮ್ಮ ಅಡುಗೆಮನೆಗೆ ತಂದಿಟ್ಟೆ ನೋಡಿ. ತಟ್ಟೆಯಿಂದ ಎಣ್ಣೆ ತೊಟ್ಟಿಕ್ತಾ ಇತ್ತು. ನೆಲ ನೋಡ್ಲೇ ಇಲ್ಲ. ನೀವು ಜಾರಿದ್ದು ನನ್ನ ಎಣ್ಣೆ ಮೇಲೆ. ಐದು ವಾರದಿಂದ ನಿದ್ದೆ ಮಾಡಿಲ್ಲ. ನಿಮ್ಮನ್ನ ಕೊಂದಿದ್ದು ನಾನು."

ಶಾದ್ಲಿಗೆ ಒಂದು ಕ್ಷಣ ಮೈ ಹಗುರಾಯಿತು. ಹಾಗೂ ಇರಬಹುದಲ್ಲ? ತನ್ನದನ್ನು ತಾನು ಒರೆಸಿದ್ದನಲ್ಲ? ಆದರೆ ಅವಳು ಜಾರಿದ ಜಾಗದಲ್ಲಿ ಎಣ್ಣೆ ಹರಡಿದ್ದ ರೀತಿ ಅವನಿಗೆ ಚೆನ್ನಾಗಿ ನೆನಪಿತ್ತು. ತಟ್ಟೆಯಿಂದ ತೊಟ್ಟಿಕ್ಕಿದ್ದು ಅಷ್ಟಾಗುವುದಿಲ್ಲ.

ಮನ್ನೂಬಿಯಾ ಎದ್ದು ಕುಳಿತಳು.

"ನೀನಾ!" ಎಂದಳು. ಬೀದಿಯಲ್ಲಿ ಮೀನಿನವನ ಗಾಡಿ ನಿಂತ ಸದ್ದು ಕೇಳಿಸಿತು. "ಏನೂ ಮಾಡದ ಚಪ್ಪಲಿಯನ್ನ ಎಸೆದೆನಲ್ಲೇ! ಕಣ್ಣೇನು ನೆತ್ತಿ ಮೇಲಿಟ್ಟುಕೊಂಡು ಬಂದಿದ್ಯಾ? ಬ್ರಿಕ್ ಕರಿದು ಬಸಿಯೋದು ಯಾವಾಗ ಕಲೀತೀಯ? ನಿನ್ನ ಅತ್ತೆ ಏನೂ ಹೇಳಿಕೊಡ್ಲಿಲ್ವಾ?"

"ಎದ್ದು ಕೂತ್ಲು!" ಎಂದು ಅಝೀಝಾ ಕೂಗಿದಳು. ತಿಜಾನಿ ದೇವರನ್ನು ನೆನೆದ. ಯೂನುಸ್ ತಾನು ಹೇಳಿದ್ದನ್ನು ವಾಪಸು ಪಡೆಯಲು ಬರುತ್ತದೆಯೇ ಎಂಬಂತೆ ಸುತ್ತ ನೋಡಿ, ಟೋಪಿ ಹಾಕಿಕೊಂಡು ಜಾರಿಕೊಂಡ. ಬೈಗುಳ ಕಾಲು ಗಂಟೆ ನಡೆಯಿತು. ಮನ್ನೂಬಿಯಾಳ ಕೆನ್ನೆಗೆ ಬಣ್ಣ ಬಂತು. ಕೊನೆಗೆ ಅವಳು ದಲಿಂದಾಳ ತಲೆ ಸವರಿ, "ಅಳಬೇಡ ಸಾಕು. ನಾನು ನಡೆಯೋವರೆಗೂ ದಿನಾ ಬಂದು ಅಡುಗೆ ಮಾಡಿ ಹಾಕು. ಅಲ್ಲಿಗೆ ಮಾಫಿ," ಎಂದಳು. ದಲಿಂದಾ ಅವಳ ಕೈಗೆ ಮುತ್ತಿಟ್ಟು, ಹಗುರಾದ ಹೆಜ್ಜೆಯಲ್ಲಿ ನೇರ ಅಡುಗೆಮನೆಗೆ ಹೋದಳು.

ಸಾಲಿನಲ್ಲಿ ಈಗ ಶಾದ್ಲಿ ಒಬ್ಬನೇ ಉಳಿದಿದ್ದ.

"ನಿನ್ನದೇನು?" ಎಂದಳು ಮನ್ನೂಬಿಯಾ.

ಎಲ್ಲರೂ ಅವನತ್ತ ನೋಡಿದರು. ಹನ್ನೆರಡು ಸಲ ಹೇಳಿಕೊಂಡ ಮಾತಿನ ಮೊದಲ ಪದ ಯಾವುದೆಂದು ಅವನು ಹುಡುಕಿದ. ಹೇಳಿದರೆ ದಲಿಂದಾ ಬಚಾವಾಗುತ್ತಾಳೆ. ಆದರೆ ಇವಳು? ಮತ್ತೆ ಮಲಗಿ, ಗೋಡೆಗೆ ಮುಖ ಮಾಡಿದರೆ?

"ನಾನು... ಮಂಚ ತಿರುಗಿಸಿದ್ದು ಸಮುದ್ರ ಕಾಣ್ಲಿ ಅಂತ," ಎಂದ.

ಮನ್ನೂಬಿಯಾ ಅವನನ್ನು ನೋಡಿದಳು. ಅವಳ ಕಣ್ಣು ತುಂಬಿಕೊಂಡವು. "ನೋಡಿ," ಎಂದಳು ಎಲ್ಲರಿಗೂ. "ಇಡೀ ಬೀದಿ ಬಂದು ಹೋಯ್ತು. ನನಗೆ ಏನೂ ಕೇಡು ಮಾಡದವನು ಇವನೊಬ್ಬನೇ."

ಜನ ಚದುರಿದರು. ಕುರ್ಚಿಗಳು ಕೆಫೆಗೆ ಮರಳಿದವು. ಕಿಟಕಿ ಖಾಲಿಯಾದಾಗ, ಎರಡು ಕಟ್ಟಡಗಳ ಸಂದಿಯಲ್ಲಿ ಸಂಜೆಯ ಸಮುದ್ರ ನೀಲಿಯಾಗಿ ನಿಂತಿತ್ತು.

"ಅಯ್ಯೋ, ಇಷ್ಟು ಚೆನ್ನಾಗಿ ಕಾಣುತ್ತಾ?" ಎಂದು ಅವಳು ಅವನ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡಳು. ಅಡುಗೆಮನೆಯಲ್ಲಿ ದಲಿಂದಾ ನೆಲವನ್ನು ಮತ್ತೆ ಮತ್ತೆ ತಿಕ್ಕುವ ಸದ್ದು ಬರುತ್ತಿತ್ತು. ಮನ್ನೂಬಿಯಾ ಮಾತಾಡುತ್ತಲೇ ಇದ್ದಳು. ಅವನು ಹೂಂಗುಟ್ಟುತ್ತಿದ್ದ.

ಎಣ್ಣೆ ಚೆಲ್ಲಿದವನು ತಾನು ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.